ಕಾಯಿ ತುರಿಯುವವರ ಕೇಕು

ಬೆಳಗ್ಗೆ ಚಟ್ನಿಗೆ, ಮಧ್ಯಾಹ್ನ ಹುಳಿಗೆ, ಸಂಜೆ ಉಸಲಿಗೆ ಅಂತ ಮೂರು ಹೊತ್ತೂ ಕಾಯಿ ತುರಿಯುವ ಕೈ, ಅದೇ ಕಾಯನ್ನು ಕೇಕಿಗೆ ಹಾಕಬೇಕು ಅಂದ ಕೂಡಲೇ ಯಾಕೆ ನಡುಗುತ್ತದೋ ನನಗಂತೂ ಅರ್ಥವಾಗಿಲ್ಲ. ಚಟ್ನಿಗೆ ಎಷ್ಟು ಕಾಯಿ ಹಾಕಿದಿರಿ ಅಂತ ಕೇಳಿ ನೋಡಿ, "ಇದ್ದಷ್ಟು" ಅನ್ನುತ್ತಾರೆ. ಕೇಕಿಗೆ 100 ಗ್ರಾಂ ಅಂತ ಬರೆದಿದ್ದರೆ ಮಾತ್ರ 98ಕ್ಕೆ ಮನಸ್ಸು ಒಪ್ಪುವುದಿಲ್ಲ. ಎರಡು ಎಳೆ ತುರಿ ಉದುರಿಸಿ, ತೂಕದ ಯಂತ್ರದ ಮುಂದೆ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ.

ಇಂದಿರಾನಗರದ ಅಪಾರ್ಟ್‌ಮೆಂಟುಗಳಲ್ಲಿ ಈ ಕಾಯಿಲೆ ಸ್ವಲ್ಪ ಜೋರು. ಮೊದಲು ತೂಕದ ಯಂತ್ರ ಬರುತ್ತದೆ. ಆಮೇಲೆ ಉದ್ದನೆಯ ಲೋಫ್ ಟಿನ್ನು, ಅದರ ಹಿಂದೆಯೇ ಬಟರ್ ಪೇಪರು, ಸಿಲಿಕಾನ್ ಸೌಟು, ಓವನ್ನಿನ ಹೊಟ್ಟೆಯೊಳಗಿಡುವ ಥರ್ಮಾಮೀಟರು. ಎಲ್ಲ ಬಂದು ಕೂತ ಮೇಲೆ ಕಟ್ಟಕಡೆಗೆ ಕೊಬ್ಬರಿಯ ನೆನಪಾಗುತ್ತದೆ. ಅದನ್ನೂ ಫೋನಿನಲ್ಲೇ ತರಿಸುವುದು. ಪ್ಯಾಕೆಟ್ಟಿನ ಮೇಲೆ ಸಮುದ್ರತೀರ, ಬಾಗಿದ ಒಂದು ತೆಂಗಿನಮರ. ನಮ್ಮ ಕಡೆ ಕೊಬ್ಬರಿ ಅಂದರೆ ತಿಪಟೂರು. ಪಾಪ, ಆ ಊರಿಗೆ ಸಮುದ್ರ ಎಲ್ಲಿಂದ ತರೋಣ? ಮೆಟ್ರೋ ಹತ್ತಿದರೆ ಒಂದೇ ಸ್ಟೇಷನ್ನಿನ ದೂರದಲ್ಲಿ ಹಲಸೂರು. ಅಲ್ಲಿ ಕಾಯಿ ಮಾರುವವನು ಪ್ರತಿಯೊಂದನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ, ಬೆರಳಲ್ಲಿ ಬಡಿದು, "ತಗೊಳ್ಳಿ ಅಕ್ಕ, ಕೆಟ್ಟಿದ್ರೆ ವಾಪಸ್ ತನ್ನಿ" ಅಂತ ಗ್ಯಾರಂಟಿ ಕೊಡುತ್ತಾನೆ. ಸಮುದ್ರತೀರದವನು ಇಂಥ ಗ್ಯಾರಂಟಿ ಕೊಟ್ಟಿದ್ದನ್ನು ನಾನು ಕಂಡಿಲ್ಲ.

ಬೆಂಗಳೂರಿಗೆ ಕೇಕು ಹಳೆಯದು ಸ್ವಾಮಿ, ಅದು ಮನೆಯೊಳಗೆ ಬೇಯುವುದು ಹೊಸದು. ಹಾಸನದ ಕಡೆಯ ಎಚ್.ಎಸ್. ತಿರುಮಲಾಚಾರ್ 1898ರಲ್ಲಿ ಚಿಕ್ಕಪೇಟೆಯಲ್ಲಿ ಬೇಕರಿ ತೆರೆದರು, ಬಿ.ಬಿ. ಬೇಕರಿ ಅಂತ ಅದರ ಹೆಸರು. ನಾಲ್ಕು ವರ್ಷ ಬಿಟ್ಟು, 1902ರಲ್ಲಿ, ಈ ಕಡೆ ದಂಡಿನಲ್ಲಿ ಆಲ್ಬರ್ಟ್ ಬೇಕರಿ ಶುರುವಾಯಿತು. ಫ್ರೇಜರ್ ಟೌನಿನ ಮಾಸ್ಕ್ ರಸ್ತೆಯಲ್ಲಿ ಅದರ ಪಫ್ಸಿಗೂ ಖೋವಾ ನಾನಿಗೂ ಇವತ್ತಿಗೂ ಜನ ಮುಗಿಬೀಳುತ್ತಾರೆ. ಪೇಟೆಯ ಅಯ್ಯಂಗಾರ್ ಬೇಕರಿಗಳು ಮೊಟ್ಟೆ ಮುಟ್ಟದೆ ಬೆಳೆದವು, ದಂಡಿನ ಬೇಕರಿಗಳು ಮೊಟ್ಟೆ ಒಡೆಯುತ್ತಲೇ ಬೆಳೆದವು. ನಡುವೆ ಕಬ್ಬನ್ ಪಾರ್ಕ್ ತೆಪ್ಪಗೆ ಕೂತಿತ್ತು. ಪೇಟೆಗೂ ದಂಡಿಗೂ ಬೇರೆ ಬೇರೆ ಪುರಸಭೆ ಇದ್ದದ್ದು 1949ರಲ್ಲಿ ಸೇರಿ ಒಂದೇ ಕಾರ್ಪೊರೇಷನ್ ಆಯಿತು. ಮೊಟ್ಟೆಯ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ.

ಕೇಕು ಒಣಗಬಾರದು, ತೇವವಾಗಿರಬೇಕು ಅಂತ ಈಗಿನವರು ತಲೆ ಕೆಡಿಸಿಕೊಂಡಿದ್ದಾರಲ್ಲ, ಅಯ್ಯಂಗಾರರು ಅದನ್ನು ಎಂದೋ ಬಗೆಹರಿಸಿದ್ದರು. ಸ್ಪಂಜು ಒಣಗಿದ್ದರೆ ಒಣಗಿರಲಿ, ಮೇಲಿಂದ ಪಾಕ ಸುರಿ, ಜಾಮ್ ಬಳಿ, ಕೊಬ್ಬರಿ ಪುಡಿ ಉದುರಿಸು. ಅದೇ ಹನಿ ಕೇಕ್. ಅದಕ್ಕೂ ಜೇನುಹುಳಕ್ಕೂ ಎಷ್ಟು ಹತ್ತಿರದ ಸಂಬಂಧ ಅಂತ ಅಂಗಡಿಯಲ್ಲಿ ನಿಂತು ಕೇಳುವುದು ಮರ್ಯಾದಸ್ಥರ ಲಕ್ಷಣವಲ್ಲ. ದಿಲ್‌ಪಸಂದಿನ ಹೊಟ್ಟೆಯಲ್ಲೂ ಕೊಬ್ಬರಿ, ಕೊಬ್ಬರಿ ಬನ್ನಿನ ಹೊಟ್ಟೆಯಲ್ಲೂ ಅದೇ. ಒಟ್ಟಿನಲ್ಲಿ ನಮ್ಮ ಬೇಕರಿಗಳು ಕೊಬ್ಬರಿಯನ್ನು ಒಳಗೆ ಮುಚ್ಚಿಟ್ಟವು, ಇಲ್ಲವೇ ಮೇಲೆ ಉದುರಿಸಿದವು. ಹಿಟ್ಟಿನ ಜೊತೆ ಸಮಸಮ ಕೂರಿಸಿದ್ದು ಕಡಿಮೆ. ಲೋಫ್ ಕೇಕಿನವರ ಹೊಸತನವೇನಿದ್ದರೂ ಅಷ್ಟೇ.

ಇನ್ನೊಂದು ತೊಡಕಿದೆ. ನಾವು ಅದ್ದುವ ಜನ. ರಸ್ಕು, ಬನ್ನು, ಬೆಣ್ಣೆ ಬಿಸ್ಕತ್ತು, ಕೈಗೆ ಸಿಕ್ಕಿದ್ದನ್ನು ಕಾಫಿಗೆ ಅದ್ದದೆ ಬಾಯಿಗಿಡುವ ಅಭ್ಯಾಸ ನಮಗಿಲ್ಲ. ಹಳೆಯ ಟೀ ಕೇಕುಗಳು ಅಷ್ಟು ಒಣಗಿರುತ್ತಿದ್ದದ್ದು ಬೇಕರಿಯವನ ಕೈಗುಣದಿಂದಲ್ಲ, ಗಿರಾಕಿಯ ಅನುಕೂಲಕ್ಕೆ. ಇಷ್ಟೆಲ್ಲ ಸಾಹಸ ಮಾಡಿ ಒಳಗೆ ತೇವ ಉಳಿಸಿದ ಕೋಕನಟ್ ಲೋಫನ್ನು ಮನೆಯ ಯಜಮಾನರು ಹೋಗಿ ಕಾಫಿಗೆ ಅದ್ದುತ್ತಾರೆ, ಅದು ಲೋಟದ ತಳ ಸೇರುತ್ತದೆ. "ಏನೇ ಇದು, ಗಟ್ಟಿ ಇಲ್ವಲ್ಲ!" ಅನ್ನುತ್ತಾರೆ. ಗಟ್ಟಿ ಇರಬಾರದು ಅಂತಲೇ ಆಕೆ ಎರಡು ಗಂಟೆ ಒದ್ದಾಡಿದ್ದು ಅಂತ ಅವರಿಗೆ ಯಾರು ಹೇಳಬೇಕು?

ಕಾಯಿಯನ್ನು ಸಿಹಿಗೆ ಬಳಸಿಕೊಳ್ಳುವ ವಿದ್ಯೆ ದಂಡಿನವರಿಗೆ ಚೆನ್ನಾಗಿ ಗೊತ್ತಿತ್ತು. ಕ್ರಿಸ್‌ಮಸ್ಸಿನ ಕುಲ್‌ಕುಲ್‌ಗೂ ರೋಸ್ ಕುಕ್ಕೀಸಿಗೂ ಹಿಟ್ಟು ಕಲಸುವುದು ಕಾಯಿಹಾಲಿನಲ್ಲೇ. ಕೇಕಿನ ವಿಷಯದಲ್ಲಂತೂ ಆಂಗ್ಲೋ ಇಂಡಿಯನ್ ಮನೆಗಳ ಹಳೆಯ ಏರ್ಪಾಡು ನನಗೆ ಬಹಳ ಹಿಡಿಸುತ್ತದೆ. ಮನೆಯಲ್ಲಿ ಓವನ್ ಇಲ್ಲ, ಅದಕ್ಕೇನು? ಹಿಟ್ಟು ಮನೆಯಲ್ಲಿ ಕಲಸಿ, ಟಿನ್ನು ಹೊತ್ತುಕೊಂಡು ಬೀದಿಯ ಬೇಕರಿಗೆ ಹೋಗುವುದು. ಬ್ರೆಡ್ಡು ಬೆಂದು ಹೊರಬಂದ ಮೇಲೆ ಭಟ್ಟಿಯಲ್ಲಿ ಉಳಿದ ಕಾವಿನಲ್ಲಿ ಊರವರ ಕೇಕು ಬೇಯುತ್ತಿತ್ತು. ಸೌದೆ ಬೇಕರಿಯವನದು, ಬೆವರೂ ಅವನದು, ಹೊಗಳಿಕೆ ಮನೆಯವರದು. ಯಾರ ಮನೆಯ ಟಿನ್ನು ಚೆನ್ನಾಗಿ ಉಬ್ಬಿತು, ಯಾರದು ನಡುವೆ ಕುಸಿಯಿತು ಅನ್ನುವುದು ಸಾಲಿನಲ್ಲಿ ನಿಂತವರಿಗೆಲ್ಲ ತಿಳಿದುಹೋಗುತ್ತಿತ್ತು. ಈಗ ಕುಸಿದದ್ದನ್ನು ಕತ್ತರಿಸಿ, ಸಕ್ಕರೆ ಪುಡಿ ಉದುರಿಸಿ, ಸೊಟ್ಟಗಿನ ಕೋನದಲ್ಲಿ ಫೋಟೋ ತೆಗೆದು ಎಲ್ಲರಿಗೂ ಕಳಿಸುತ್ತಾರೆ. ಇದರಲ್ಲಿ ಮರ್ಯಾದೆ ಉಳಿಯುತ್ತದೆ, ಮಜಾ ಇಲ್ಲ.

ಸರಿ, ಮಾಡುವುದು ಹೇಗೆ ಅಂತ ಕೇಳುವವರಿದ್ದೀರಿ. 200 ಗ್ರಾಂ ಮೈದಾ, 150 ಗ್ರಾಂ ಸಕ್ಕರೆ, 100 ಗ್ರಾಂ ಒಣಕೊಬ್ಬರಿ ಪುಡಿ, 250 ಎಂ.ಎಲ್. ಕಾಯಿಹಾಲು ಅಥವಾ ನಂದಿನಿ ಹಾಲು, 75 ಗ್ರಾಂ ಕರಗಿಸಿದ ಬೆಣ್ಣೆ, ಎರಡು ಮೊಟ್ಟೆ, ಎರಡು ಟೀ ಚಮಚ ಬೇಕಿಂಗ್ ಪೌಡರ್, ಚಿಟಿಕೆ ಉಪ್ಪು. ಮೊಟ್ಟೆ ಬೇಡದವರು ಅರ್ಧ ಬಟ್ಟಲು ಗಟ್ಟಿ ಮೊಸರು, ಕಾಲು ಚಮಚ ಅಡುಗೆ ಸೋಡಾ ಹಾಕಿಕೊಳ್ಳಬಹುದು, ಚಿಕ್ಕಪೇಟೆ ಮೆಚ್ಚುತ್ತದೆ. 170 ಡಿಗ್ರಿಯಲ್ಲಿ ಐವತ್ತು ನಿಮಿಷದಿಂದ ಒಂದು ಗಂಟೆ. ಇಷ್ಟು ಯಾರು ಬೇಕಾದರೂ ಹೇಳುತ್ತಾರೆ. ಗುಟ್ಟಿರುವುದು ಕೊಬ್ಬರಿಯಲ್ಲಿ.

ಹಸಿ ಕಾಯಿಯ ತುರಿಯಲ್ಲಿ ಹೆಚ್ಚುಕಡಿಮೆ ಅರ್ಧಪಾಲು ನೀರು. ಪ್ಯಾಕೆಟ್ಟಿನ ಒಣಪುಡಿಯಲ್ಲಿ ನೂರಕ್ಕೆ ಮೂರು ಪಾಲು ಇದ್ದರೆ ಹೆಚ್ಚು. ಈ ಒಣಪುಡಿಯನ್ನು ಹಾಗೇ ಹಿಟ್ಟಿಗೆ ಸುರಿದಿರೋ, ಅದು ಮಾಡುವ ಮೊದಲ ಕೆಲಸ ಹಿಟ್ಟಿನ ನೀರು ಕುಡಿಯುವುದು. ಕೇಕು ಒಣಗಿದ್ದಕ್ಕೆ ಓವನ್ನನ್ನು ಬೈಯುತ್ತೀರಿ, ಕಳ್ಳ ಒಳಗೇ ಇರುತ್ತಾನೆ. ಅದಕ್ಕೇ ಬಿಸಿ ಹಾಲಿನಲ್ಲಿ ಕೊಬ್ಬರಿ ಪುಡಿಯನ್ನು ಅರ್ಧ ಗಂಟೆ ನೆನೆಸಿಡಬೇಕು. ಅವನು ಹೊಟ್ಟೆ ತುಂಬಾ ಕುಡಿದು ಒಳಗೆ ಹೋದರೆ ಆಮೇಲೆ ಬೇರೆಯವರ ಪಾಲಿಗೆ ಕೈ ಹಾಕುವುದಿಲ್ಲ. ಗೋವಾದವರು ರವೆ, ಕಾಯಿ ಹಾಕಿ ಬಾತ್ ಅನ್ನುವ ಕೇಕು ಮಾಡುತ್ತಾರೆ. ನಮ್ಮ ಖಾರಾಬಾತಿನವರು ಗಾಬರಿಯಾಗಬೇಡಿ, ಅಲ್ಲೂ ರವೆಯೇ. ಅದರ ಹಿಟ್ಟನ್ನು ರಾತ್ರಿಯೆಲ್ಲ ನೆನೆಯಲು ಬಿಡುವ ರೂಢಿಯ ಹಿಂದಿರುವುದೂ ಈ ಲೆಕ್ಕವೇ. ರವೆ, ಕೊಬ್ಬರಿ ಎರಡೂ ಬಾಯಾರಿದ ಜಾತಿ. ಇದನ್ನು ಯಾವ ಬೇಕಿಂಗ್ ಕ್ಲಾಸಿನಲ್ಲೂ ಕಲಿಯಬೇಕಿಲ್ಲ. ಹುಗ್ಗಿಗೆ, ಒಬ್ಬಟ್ಟಿಗೆ, ರವೆ ಉಂಡೆಗೆ ಕೈಯಾಡಿಸಿದ ಯಾವ ಅಜ್ಜಿಯನ್ನು ಕೇಳಿದರೂ ಹೇಳುತ್ತಿದ್ದರು. ಆದರೆ ಕೇಕಿನ ಮಾತು ಬಂದ ತಕ್ಷಣ ಅಜ್ಜಿಯನ್ನು ಅಡುಗೆಮನೆಯಿಂದ ಹಾಲಿಗೆ ವರ್ಗ ಮಾಡಿರುತ್ತೀರಿ.

ಎರಡನೆಯ ಶತ್ರು ಆರೋಗ್ಯ. "ಸಕ್ಕರೆ ಅರ್ಧ ಮಾಡಿದ್ದೀನಿ ರೀ, ಶುಗರ್ ಇದೆಯಲ್ಲ ಇವರಿಗೆ." ಸಕ್ಕರೆ ಸಿಹಿಗಷ್ಟೇ ಅಲ್ಲ, ನೀರನ್ನು ಹಿಡಿದಿಡುವುದೂ ಅದೇ. ಅದನ್ನು ಅರ್ಧ ಮಾಡಿದರೆ ತೇವವೂ ಹೋಗುತ್ತದೆ. ಅದರ ಬದಲು ಪೂರ್ತಿ ಸಕ್ಕರೆ ಹಾಕಿ ಅರ್ಧ ಹೋಳು ತಿನ್ನಿ ಅಂದರೆ ಯಾರೂ ಕೇಳುವುದಿಲ್ಲ. ಮೂರನೆಯದು ನಮ್ಮ ತೋಳಿನ ಬಲ. ಚಪಾತಿ ಹಿಟ್ಟು ನಾದಿ ನಾದಿ ಅಭ್ಯಾಸವಾದ ಕೈ ಕೇಕಿನ ಹಿಟ್ಟನ್ನೂ ಬಿಡುವುದಿಲ್ಲ. ಮೈದಾಕ್ಕೆ ನೀರು ಬಿದ್ದ ಮೇಲೆ ತಿರುಗಿಸಿದಷ್ಟೂ ಜಿಗುಟು ಬೆಳೆಯುತ್ತದೆ, ಕೇಕು ರಬ್ಬರಾಗುತ್ತದೆ. ಒಣಹಿಟ್ಟು ಕಾಣದಂತಾದರೆ ಸಾಕು, ಸೌಟು ಕೆಳಗಿಡಿ. ಸಣ್ಣ ಗಂಟು ಉಳಿದರೆ ಪೊಲೀಸು ಬರುವುದಿಲ್ಲ.

ಇನ್ನು ಬೆಣ್ಣೆಯೋ ಎಣ್ಣೆಯೋ ಅನ್ನುವ ಜಗಳ. ಎಣ್ಣೆ ಆರಿದ ಮೇಲೂ ಎಣ್ಣೆಯಾಗೇ ಇರುತ್ತದೆ, ಅದಕ್ಕೇ ಎಣ್ಣೆಯ ಕೇಕು ಮಾರನೆಯ ದಿನವೂ ಮೆತ್ತಗೆ. ಬೆಣ್ಣೆ ತಣ್ಣಗಾದರೆ ಗಟ್ಟಿಯಾಗುತ್ತದೆ, ರುಚಿ ಮಾತ್ರ ಅದರದೇ. ಕೆಲವು ಜಾಣರು ಕಾಯಿಯ ಕೇಕಿಗೆ ಕಾಯಿಯ ಎಣ್ಣೆಯೇ ಸರಿ ಅಂತ ಕೊಬ್ಬರಿ ಎಣ್ಣೆ ಸುರಿಯುತ್ತಾರೆ. ಏಪ್ರಿಲಿನಲ್ಲಿ ಒಳ್ಳೆಯದೇ. ಡಿಸೆಂಬರಿನ ಬೆಂಗಳೂರಿನಲ್ಲಿ ಬಚ್ಚಲಿನ ಬಾಟಲಿಯ ಕೊಬ್ಬರಿ ಎಣ್ಣೆ ಬೆಳಗ್ಗೆ ಏನಾಗಿರುತ್ತದೆ? 24 ಡಿಗ್ರಿಗಿಂತ ಕೆಳಗಿಳಿದರೆ ಹೆಪ್ಪುಗಟ್ಟುವುದು ಅದರ ಜಾಯಮಾನ. ಕೇಕಿನೊಳಗೆ ಹೊಕ್ಕರೂ ಅದು ಸ್ವಭಾವ ಬಿಡುವುದಿಲ್ಲ.

ನಮ್ಮವರ ಅಚ್ಚುಮೆಚ್ಚಿನ ನೆಪ ಒಂದಿದೆ, ಎತ್ತರ. ಸಮುದ್ರಮಟ್ಟದಿಂದ 3000 ಅಡಿ ಮೇಲಿದ್ದರೆ ಅಳತೆ ಸ್ವಲ್ಪ ಬದಲಿಸಿಕೊಳ್ಳಿ ಅಂತ ಅಮೆರಿಕದ ಬೇಕಿಂಗ್ ಪುಸ್ತಕಗಳು ಹೇಳುತ್ತವೆ. ಬೆಂಗಳೂರು ಇರುವುದೂ ಸರಿಯಾಗಿ ಅಷ್ಟರಲ್ಲೇ, ಗೆರೆಯ ಮೇಲೆ. ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಬೇಕಿಂಗ್ ಪೌಡರಿನ ಗಾಳಿ ಒಂದು ಕೈ ಹೆಚ್ಚಿಗೆ ಉಬ್ಬುತ್ತದೆ. ಚಮಚವನ್ನು ಗೋಪುರ ಕಟ್ಟದೆ ಸಪಾಟಾಗಿ ಅಳೆದರೆ ಅಷ್ಟರಲ್ಲಿ ಪರಿಹಾರವಾಯಿತು. ಆದರೆ ಹೈಟೆಕ್ ಗೃಹಸ್ಥರು ಬಿಡಬೇಕಲ್ಲ, "ನಾವು ಹದಿನಾಲ್ಕನೇ ಮಹಡಿ, ನಮಗೆ ಇನ್ನೂ ಸ್ವಲ್ಪ ಬೇರೆ ಲೆಕ್ಕ ಬರುತ್ತೆ" ಅನ್ನುತ್ತಾರೆ. ಲಿಫ್ಟು ಕೆಟ್ಟ ದಿನ ನೆಲಮಾಳಿಗೆಯಲ್ಲಿ ಬೇಯಿಸುತ್ತಾರೋ ಏನೋ.

ಮೇಲ್ಭಾಗ ಉದ್ದಕ್ಕೆ ಬಿರುಕು ಬಿಟ್ಟಿತು ಅಂತ ಅಳುವವರೂ ಇದ್ದಾರೆ. ಅಳಬೇಡಿ. ಲೋಫ್ ಟಿನ್ನು ಆಳ, ಮೇಲಿನ ಪದರ ಮೊದಲು ಗಟ್ಟಿಯಾಗುತ್ತದೆ, ಒಳಗಿನ ಹಿಟ್ಟು ಆಮೇಲೆ ಉಬ್ಬಿ ದಾರಿ ಮಾಡಿಕೊಂಡು ಬರುತ್ತದೆ. ಬಿರುಕು ಬಿಡದ ಲೋಫೇ ಅನುಮಾನದ್ದು. ಬೆಂದಿದೆಯೋ ಇಲ್ಲವೋ ನೋಡಲು ಪೇಟೆಯಲ್ಲಿ ಸ್ಟೀಲಿನ ಸೂಜಿಯೂ ಸಿಗುತ್ತದಂತೆ. ಹೊಸ ತೆಂಗಿನ ಪೊರಕೆಯಿಂದ ಒಂದು ಕಡ್ಡಿ ಹಿರಿದು, ತೊಳೆದು ಚುಚ್ಚಿ. ತೆಂಗಿನ ಮಗಳ ಯೋಗಕ್ಷೇಮವನ್ನು ತೆಂಗಿನ ಕಡ್ಡಿಯೇ ವಿಚಾರಿಸಲಿ. ಹಸಿ ಹಿಟ್ಟು ಅಂಟದೆ ಒಂದೆರಡು ತೇವದ ಪುಡಿ ಅಂಟಿ ಬಂದರೆ ಅದೇ ಹದ, ತಕ್ಷಣ ಆರಿಸಿ. ಕಡ್ಡಿ ಪೂರ್ತಿ ಒಣಗಿ ಬರಲಿ ಅಂತ ಕಾದರೆ ಕೇಕೂ ಅದೇ ದಾರಿ ಹಿಡಿಯುತ್ತದೆ. ಓವನ್ ಇಲ್ಲದವರಿಗೆ ಕುಕ್ಕರು ಇದ್ದೇ ಇದೆ: ತಳಕ್ಕೆ ಉಪ್ಪು ಇಲ್ಲವೇ ಮರಳು, ಗ್ಯಾಸ್ಕೆಟ್ಟು, ವೆಯ್ಟು ಎರಡೂ ತೆಗೆದು ಸಣ್ಣ ಉರಿ. ಕರೆಂಟು ಹೋದ ಸಂಜೆ ಅಕ್ಕಪಕ್ಕದ ಓವನ್ನುಗಳಲ್ಲಿ ಕೇಕುಗಳು ಅರ್ಧಕ್ಕೆ ಕುಸಿಯುತ್ತಿರುವಾಗ ಕುಕ್ಕರಿನವರ ಮುಖದ ಗತ್ತು ನೋಡಬೇಕು.

ಬೆಂದ ಮೇಲಿನದು ಅತಿ ಕಷ್ಟದ ಕೆಲಸ, ಮುಟ್ಟದೆ ಇರುವುದು. ಆರಿಸಿ, ಸುತ್ತಿಟ್ಟು, ಮಾರನೆಯ ದಿನ ಕತ್ತರಿಸಿದರೆ ತೇವ ಎಲ್ಲ ಕಡೆ ಸಮನಾಗಿ ಹಬ್ಬಿ ಕೇಕು ಮೃದುವಾಗಿರುತ್ತದೆ. ಮಕ್ಕಳಿರುವ ಮನೆಯಲ್ಲಿ ಇದು ನಡೆಯುವ ಮಾತಲ್ಲ. ನನ್ನ ಸಲಹೆ ಕೇಳಿದರೆ, ಬಿಸಿ ಆರಿದ ಕೂಡಲೇ ಡಬ್ಬಿಗೆ ಹಾಕಿ ಕೆ.ಆರ್. ಪುರದ ನೆಂಟರ ಮನೆಗೆ ಹೊರಟುಬಿಡಿ. ಸಂಜೆಯ ಹಳೇ ಮದ್ರಾಸ್ ರಸ್ತೆಯಲ್ಲಿ ಟಿನ್ ಫ್ಯಾಕ್ಟರಿ ದಾಟಿ ತೂಗುಸೇತುವೆ ಏರುವಷ್ಟರಲ್ಲಿ ಕೇಕು ತಾನಾಗಿ ಹದಕ್ಕೆ ಬಂದಿರುತ್ತದೆ. ಹಸಿ ಕಾಯಿತುರಿ ಹಾಕಿದ್ದರೆ ಮಾತ್ರ ಹುಷಾರು, ಅದು ಹೊರಗೆ ಒಂದು ದಿನದ ಮೇಲೆ ಹುಳಿ ವಾಸನೆ ತೆಗೆಯುತ್ತದೆ. ಬೇಕರಿಯವರು ಒಣಕೊಬ್ಬರಿಯನ್ನೇ ನೆಚ್ಚಿಕೊಂಡದ್ದು ಸುಮ್ಮನೆ ಅಲ್ಲ.

ಅಲ್ಲಿ ನೆಂಟರ ಮನೆಯಲ್ಲಿ ಕಾಯುತ್ತಿರುವುದು ಹಿರಿಯರ ತೀರ್ಪು. ಮೊಸರಿನದೇ, ಮೊಟ್ಟೆ ಇಲ್ಲ ಅಂತ ಆಣೆ ಮಾಡಿಸಿಕೊಂಡ ಮೇಲೆ ಹಲಸೂರಲ್ಲಿ ಹುಟ್ಟಿ ಬೆಳೆದ ಅಜ್ಜಿ ಒಂದು ತುಣುಕು ಬಾಯಿಗಿಟ್ಟು, ಕಣ್ಣು ಮುಚ್ಚಿ, ಬಹಳ ಹೊತ್ತು ಅಗಿಯುತ್ತಾರೆ.

"ಚೆನ್ನಾಗಿದೆ ಕಣೇ. ಆದ್ರೆ ಇದೇ ಕೊಬ್ರಿ, ಇದೇ ಸಕ್ಕರೆಗೆ ಒಂದಿಷ್ಟು ಏಲಕ್ಕಿ ಹಾಕಿ ಬಾಣಲೇಲಿ ಮಗುಚಿದ್ರೆ ಅರ್ಧ ಗಂಟೇಲಿ ಕೊಬ್ರಿ ಮಿಠಾಯಿ ಆಗಿರೋದು. ಕರೆಂಟೂ ಉಳೀತಿತ್ತು."

ಹೇಳುತ್ತಲೇ ಇನ್ನೊಂದು ಹೋಳಿಗೆ ಕೈ ಚಾಚುತ್ತಾರೆ. ಅಂಚಿನದೇ ಬೇಕಂತೆ, ಅಲ್ಲಿ ಕೊಬ್ಬರಿ ಚೆನ್ನಾಗಿ ಕೆಂಪಗಾಗಿರುತ್ತದಂತೆ.