ಸಾಗರ ಮುಳುಗಿದ ನಕ್ಷೆ

ತೆಂಗಿನಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸದೆ ಕೊಂಡು ತಂದವರಿಗೆ ನಮ್ಮ ಮನೆಯಲ್ಲಿ ಮಂಗಳಾರತಿ ತಪ್ಪಿದ್ದಲ್ಲ. ಹಲಸಿನಹಣ್ಣನ್ನು ತಟ್ಟಿ ನೋಡಬೇಕು, ಬದನೆಕಾಯಿಯ ತೊಟ್ಟು ನೋಡಬೇಕು, ಸೀರೆಯ ಒಳಮೈ ತಿರುವಿ ನೋಡಬೇಕು. ಇಷ್ಟೆಲ್ಲ ಪರೀಕ್ಷೆ ಬಲ್ಲ ನಾವು ನಕ್ಷೆಯೊಂದು ಕೈಗೆ ಬಂದರೆ ಮಾತ್ರ ಕಣ್ಣು ಮುಚ್ಚಿ ನಂಬಿಬಿಡುತ್ತೇವೆ. ಅಚ್ಚಾಗಿದೆ, ಗೆರೆ ಇದೆ, ಬಣ್ಣ ಇದೆ, ಮೂಲೆಯಲ್ಲೊಂದು ಬಾಣವೂ ಇದೆ, ಸುಳ್ಳು ಹೇಳೀತೇ? ದಾರಿ ತಪ್ಪಿದರೆ "ನನಗೆ ಮೊದಲಿಂದಲೂ ದಿಕ್ಕೇ ತಿಳಿಯಲ್ಲ" ಎಂದು ನಮ್ಮನ್ನೇ ಬೈದುಕೊಳ್ಳುತ್ತೇವೆ. ನಕ್ಷೆ ಬರೆದವರನ್ನು ಬೈದವರನ್ನು ನಾನು ಕಂಡಿಲ್ಲ, ನನ್ನ ಸೋದರಮಾವ ಒಬ್ಬರನ್ನು ಬಿಟ್ಟು.

ಮಾವ ಸರ್ವೆ ಇಲಾಖೆಯಲ್ಲಿ ಭೂಮಾಪಕರಾಗಿದ್ದವರು. ನಿವೃತ್ತಿಯಾದ ಮೇಲೂ ಊರವರಿಗೆ ಅವರು "ಸರ್ವೆಯರ್ ಸಾಹೇಬ್ರು". ಯಾರ ಮನೆಯ, ಯಾವ ಕಚೇರಿಯ ಗೋಡೆಯ ಮೇಲೆ ನಕ್ಷೆ ಕಂಡರೂ ಕನ್ನಡಕ ಮೇಲೇರಿಸಿ ಮೊದಲು ಕೆಳಗಿನ ಮೂಲೆ ನೋಡುತ್ತಿದ್ದರು. ಅಲ್ಲಿ ಸ್ಕೇಲು ಇಲ್ಲದಿದ್ದರೆ "ಇದು ರಂಗೋಲಿ" ಎಂದು ಮುಂದಕ್ಕೆ ಹೋಗುವರು. ಕುಂಕುಮ ಕೊಡಲು ಬಂದ ಮನೆಯಾಕೆ ರಂಗೋಲಿಯನ್ನು ಹೊಗಳಿದರೆಂದೇ ತಿಳಿದು ಸಂತೋಷಪಟ್ಟದ್ದೂ ಉಂಟು.

ಅವರ ಪಾಲಿಗೆ ನಕ್ಷೆ ಎಂದರೆ ಗ್ರಾಮ ನಕ್ಷೆ. ನೋಡಲು ಏನೇನೂ ಚೆಂದವಿಲ್ಲ. ಕಪ್ಪು ಗೆರೆಗಳು, ಗೆರೆಗಳ ನಡುವೆ ಸರ್ವೆ ನಂಬರುಗಳು, ಅಲ್ಲಲ್ಲಿ ಒಂದು ಹಳ್ಳ, ಚುಕ್ಕೆ ಚುಕ್ಕೆಯ ಕಾಲುದಾರಿ. ಆದರೆ ಅದರ ಲೆಕ್ಕದ ಚೆಂದವನ್ನು ಅವರ ಬಾಯಲ್ಲೇ ಕೇಳಬೇಕು. ಸರ್ವೆ ಚೈನು 33 ಅಡಿ ಉದ್ದ, ಅದಕ್ಕೆ ರೂಪಾಯಿಗಿದ್ದ ಹಾಗೆ ಹದಿನಾರು ಆಣೆ. ಒಂದು ಚೈನು ಉದ್ದ, ಒಂದು ಚೈನು ಅಗಲ ಇದ್ದರೆ ಒಂದು ಗುಂಟೆ. ನಲವತ್ತು ಗುಂಟೆಗೆ ಎಕರೆ. ನಕ್ಷೆಯ ಅಳತೆ ಇಂಚಿಗೆ ಇಪ್ಪತ್ತು ಚೈನು, ಅಂದರೆ 1:7920. ಹಾಗಾಗಿ ಹಾಳೆಯ ಮೇಲೆ ಒಂದು ಚದರ ಇಂಚು ಎಂದರೆ ನೆಲದ ಮೇಲೆ ಸರಿಯಾಗಿ ಹತ್ತು ಎಕರೆ. ಕಾಸು ಹೆಚ್ಚಿಲ್ಲ, ಕಾಸು ಕಡಿಮೆಯಿಲ್ಲ. 7920 ಎಂಬ ಆ ವಿಚಿತ್ರ ಸಂಖ್ಯೆಯ ಹಿಂದೆ ಇಂಥ ಅಚ್ಚುಕಟ್ಟು ಅಡಗಿದೆಯೆಂದು ಶಾಲೆಯಲ್ಲಿ ನಮಗೆ ಯಾರೂ ಹೇಳಿರಲಿಲ್ಲ.

ಒಮ್ಮೆ ಜಗಲಿಯ ಮೇಲೆ ನಮ್ಮೂರಿನ ನಕ್ಷೆಯನ್ನು ಹಾಸಿ ನನ್ನ ಪರೀಕ್ಷೆ ಶುರುಮಾಡಿದರು.

"ಇದರಲ್ಲಿ ನಿಮ್ಮನೆ ಎಲ್ಲಿದೆ ತೋರಿಸೋ."

"ಮನೆ ಇಲ್ಲ ಮಾವ. ಊರೆಲ್ಲ ಸೇರಿಸಿ ಗ್ರಾಮಠಾಣಾ ಅಂತ ಒಂದು ತುಂಡು ಮಾಡಿದಾರೆ."

"ಗುಡ್ಡ ಕಾಣುತ್ತಾ?"

"ಇಲ್ಲ."

"ಜಮೀನು ಯಾರದು ಅಂತ ಬರೆದಿದೆಯಾ?"

"ಅದೂ ಇಲ್ಲ. ಬರೀ ನಂಬರು."

"ಯಾಕೆ ಹೇಳು? ಮನೆ ಬೀಳುತ್ತೆ, ಯಜಮಾನ ಸಾಯ್ತಾನೆ. ಗುಡ್ಡ ಎಷ್ಟು ಎತ್ತರ ಅಂತ ಯಾರೂ ಕೋರ್ಟಿಗೆ ಹೋಗಲ್ಲ. ಬಾಂದುಕಲ್ಲು ಎಲ್ಲಿ ಅಂತ ಹೋಗ್ತಾರೆ."

"ಬಾಂದುಕಲ್ಲೂ ರಾತ್ರಿ ಹೊತ್ತು ನಡೆದಾಡುತ್ತಲ್ಲ ಮಾವ?"

"ಅದಕ್ಕೇ ಕಣೋ ನಕ್ಷೆ ಇರೋದು!"

ನಕ್ಷೆಯ ಬಗ್ಗೆ ಆಮೇಲೆ ನಾನು ಏನೇನು ಓದಿದೆನೋ ಅದರಲ್ಲಿ ಮುಕ್ಕಾಲು ಪಾಲು ಆ ಜಗಲಿಯ ಮಾತಿನೊಳಗೇ ಇತ್ತು. ಯಾವ ಜಗಳಕ್ಕೆ, ಯಾರ ಕೈಗೆ ಎಂದು ಗೊತ್ತಿದ್ದವನು ಏನು ಬಿಡಬೇಕೆಂದೂ ಬಲ್ಲ. ಎಲ್ಲವನ್ನೂ ತುಂಬುವವನಿಗೆ ಆ ಎರಡೂ ಗೊತ್ತಿರುವುದಿಲ್ಲ.

ಗುಡ್ಡ ಬೇಕಾದವರಿಗೆ ಟೋಪೋಶೀಟು ಇದೆ. 1767ರಲ್ಲಿ ಹುಟ್ಟಿದ ಸರ್ವೆ ಆಫ್ ಇಂಡಿಯಾದ 1:50,000 ಅಳತೆಯ ಹಾಳೆಯಲ್ಲಿ ಪ್ರತಿ 20 ಮೀಟರ್ ಏರಿಗೆ ಒಂದು ಕಂದು ಗೆರೆ. ಆಗುಂಬೆಯಂಥ ಕಡೆ ಆ ಗೆರೆಗಳು ಒಂದರ ಮೇಲೊಂದು ಬೀಳುವಷ್ಟು ಒತ್ತಾಗಿ ಬರುತ್ತವೆ. ಓದಲು ಬಾರದವರಿಗೂ ಅಲ್ಲಿ ಎದೆ ಝಲ್ಲೆನ್ನಬೇಕು. ನೀರಿರುವ ಹಳ್ಳ ನೀಲಿ, ಬತ್ತುವ ಹಳ್ಳ ಕಪ್ಪು. ಬೇಸಿಗೆಯಲ್ಲಿ ಚಾರಣ ಹೊರಟವನ ಜೀವ ಆ ಎರಡು ಬಣ್ಣಗಳ ವ್ಯತ್ಯಾಸದಲ್ಲಿದೆ. ಇಷ್ಟು ಒಳ್ಳೆಯ ನಕ್ಷೆಗಳಲ್ಲಿ ಕರಾವಳಿ, ಗಡಿಭಾಗದ ಹಾಳೆಗಳು ಬಹುಕಾಲ ಜನಸಾಮಾನ್ಯರ ಕೈಗೆ ಸಿಗುತ್ತಿರಲಿಲ್ಲ. 2005ರ ರಾಷ್ಟ್ರೀಯ ನಕ್ಷೆ ನೀತಿ ಬಂದ ಮೇಲೆ ರಕ್ಷಣಾ ಪಡೆಗೆ ಒಂದು, ನಾಗರಿಕರಿಗೆ ಒಂದು ಎಂದು ಎರಡು ಸರಣಿಗಳಾದವು. ಅಲ್ಲಿಯವರೆಗೆ ನಮ್ಮ ಊರಿನ ಹಳ್ಳ ಎಲ್ಲಿ ತಿರುಗುತ್ತದೆ ಎಂಬುದು ನಮಗೆ ರಾಜರಹಸ್ಯ, ಹಳ್ಳದಲ್ಲಿ ಬಟ್ಟೆ ಒಗೆಯುವವರಿಗೆ ಮಾತ್ರ ಗೊತ್ತಿದ್ದ ರಹಸ್ಯ.

ಇನ್ನು ಕೆಟ್ಟ ನಕ್ಷೆಯ ವಿಚಾರ. ಮಲೆನಾಡಿನ ಒಂದು ವಸತಿಗೃಹದ ಗೋಡೆಯಲ್ಲಿ ಪ್ರವಾಸಿಗರಿಗೆಂದು ಬರೆಸಿದ ದೊಡ್ಡ ನಕ್ಷೆ ನೋಡಿದೆ. ಏಳೆಂಟು ಬಣ್ಣ, ಪ್ರತಿ ಅಕ್ಷರಕ್ಕೂ ನೆರಳು. ಜೋಗದ ಚಿತ್ರವನ್ನು ಎಷ್ಟು ದೊಡ್ಡದಾಗಿ ಬರೆದಿದ್ದರೆಂದರೆ ಅದರ ನೀರಿನಡಿ ಸಾಗರ ಪಟ್ಟಣ ಮುಳುಗಿಹೋಗಿತ್ತು. ಲಿಂಗನಮಕ್ಕಿ ಅಣೆಕಟ್ಟು ಮಾಡದ ಕೆಲಸವನ್ನು ಬಣ್ಣದ ಡಬ್ಬಿ ಮಾಡಿತ್ತು. ಪಕ್ಕದಲ್ಲಿ ಒಂದು ಆನೆ, ಅದರ ನಾಲ್ಕು ಕಾಲುಗಳ ನಡುವೆ ನಾಲ್ಕು ಊರು. ಇದನ್ನೆಲ್ಲ ಕ್ಷಮಿಸಬಹುದು, ಮಕ್ಕಳು ಆನೆ ನೋಡಿ ಖುಷಿಪಡಲಿ. ಆದರೆ ಆಗುಂಬೆಯಿಂದ ಸೋಮೇಶ್ವರಕ್ಕೆ ಇಳಿಯುವ ಘಾಟಿಯನ್ನು ಸ್ಕೇಲು ಹಿಡಿದು ಎಳೆದಂತೆ ನೇರ ಗೆರೆ ಮಾಡಿದ್ದರು. ಹದಿನಾಲ್ಕು ತಿರುವುಗಳಲ್ಲಿ ಒಂದೂ ಇಲ್ಲ. ಹಿಂದಿನ ಸೀಟಿನಲ್ಲಿ ವಾಂತಿಯ ಮಗುವನ್ನು ಕೂರಿಸಿಕೊಂಡವರಿಗೆ ಆ ತಿರುವುಗಳಿಗಿಂತ ಮುಖ್ಯವಾದ ಸಂಗತಿ ಆ ನಕ್ಷೆಯಲ್ಲಿ ಇನ್ನೇನಿತ್ತು?

ಹಾಗೆಂದು ನೇರ ಗೆರೆಯೇ ಪಾಪವಲ್ಲ. ಲಂಡನ್ನಿನ ನೆಲದಡಿಯ ರೈಲಿನ ಸಿಗ್ನಲ್ ಕಚೇರಿಯಲ್ಲಿ ನಕಾಶೆಗಾರನಾಗಿದ್ದ ಹ್ಯಾರಿ ಬೆಕ್ 1931ರಲ್ಲಿ ಮಾಡಿದ್ದು ಇದನ್ನೇ. ಮಾರ್ಗಗಳ ಡೊಂಕುಗಳನ್ನೆಲ್ಲ ತೆಗೆದು, ಅಡ್ಡ, ಉದ್ದ, ಓರೆ ಎಂಬ ಮೂರೇ ಬಗೆಯ ಗೆರೆಗಳಲ್ಲಿ ಇಡೀ ಜಾಲವನ್ನು ಬರೆದ. ನಿಲ್ದಾಣಗಳ ನಡುವಿನ ದೂರವನ್ನೂ ಹೆಚ್ಚುಕಡಿಮೆ ಒಂದೇ ಮಾಡಿದ. ಮೇಲಿನ ಊರಿನಲ್ಲಿ ಉಳಿಸಿಕೊಂಡದ್ದು ಥೇಮ್ಸ್ ನದಿಯೊಂದನ್ನು. ಮೇಲಧಿಕಾರಿಗಳು ಮೊದಲು ಬೇಡವೆಂದರು. 1933ರಲ್ಲಿ ಅಚ್ಚಾಗಿ ಬಂದಾಗ ಜನ ಕೈಚಾಚಿ ತೆಗೆದುಕೊಂಡರು. ಸುರಂಗದಲ್ಲಿ ಕೂತವನಿಗೆ ತಿರುವು ಕಾಣುವುದಿಲ್ಲ. ಎಲ್ಲಿ ಹತ್ತಬೇಕು, ಎಲ್ಲಿ ಬದಲಿಸಬೇಕು, ಎಲ್ಲಿ ಇಳಿಯಬೇಕು ಎಂಬ ಮೂರು ಪ್ರಶ್ನೆ ಬಿಟ್ಟರೆ ಅವನಿಗೆ ಬೇರೆ ಪ್ರಶ್ನೆಯೇ ಇಲ್ಲ. ಇದರಿಂದ ಒಂದು ತಮಾಷೆಯೂ ಆಯಿತು. ಲೆಸ್ಟರ್ ಸ್ಕ್ವೇರ್ ಮತ್ತು ಕೊವೆಂಟ್ ಗಾರ್ಡನ್ ನಿಲ್ದಾಣಗಳ ನಡುವೆ ಇರುವುದು ಸುಮಾರು 260 ಮೀಟರ್. ನಕ್ಷೆಯನ್ನು ನಂಬಿದ ಪ್ರವಾಸಿಗರು ಮೆಟ್ಟಿಲಿಳಿದು, ಟಿಕೆಟ್ ಕೊಂಡು, ರೈಲಿಗೆ ಕಾದು, ನಡೆದವರಿಗಿಂತ ತಡವಾಗಿ ತಲುಪುತ್ತಾರೆ.

ಅದೇ ಉಪಾಯವನ್ನು ನ್ಯೂಯಾರ್ಕಿನ ನೆಲದಡಿಯ ರೈಲಿಗೆ 1972ರಲ್ಲಿ ವಿನ್ಯಾಸಕಾರ ಮಾಸ್ಸಿಮೋ ವಿನ್ಯೆಲ್ಲಿ ಮಾಡಿ ಬೈಸಿಕೊಂಡರು. ಚಿತ್ರವಾಗಿ ನೋಡಿದರೆ ಅದು ಬೆಕ್‌ನ ನಕ್ಷೆಗಿಂತ ಒಂದು ಕೈ ಮೇಲು, ನನ್ನದೇನೂ ತಕರಾರಿಲ್ಲ. ಆದರೆ ಉದ್ದಕ್ಕೆ ಚಾಚಿಕೊಂಡ ಸೆಂಟ್ರಲ್ ಪಾರ್ಕ್ ಅದರಲ್ಲಿ ಹೆಚ್ಚುಕಡಿಮೆ ಚೌಕವಾಯಿತು, ಉದ್ಯಾನ ಬೂದಿಬಣ್ಣಕ್ಕೆ ತಿರುಗಿತು, ನೀರು ನೀಲಿಯಾಗದೆ ಉಳಿಯಿತು. ನ್ಯೂಯಾರ್ಕಿನವರಿಗೆ ಬೀದಿಗಳು ಬೆರಳ ತುದಿಯಲ್ಲಿವೆ. ಬೀದಿಗೂ ನಿಲ್ದಾಣಕ್ಕೂ ತಾಳೆಯಾಗದಿದ್ದರೆ ಅವರು ಸುಮ್ಮನಿರುತ್ತಾರೆಯೇ? 1979ರಲ್ಲಿ ನಕ್ಷೆ ಬದಲಾಯಿತು. ಒಂದೂರಿನ ಗುಣ ಇನ್ನೊಂದೂರಿನಲ್ಲಿ ದೋಷ.

ನಮ್ಮ ಮೆಟ್ರೊದ ನಕ್ಷೆಗಾರರ ಕಷ್ಟವೇ ಬೇರೆ. ನೇರಳೆ ಮಾರ್ಗದಲ್ಲಿ ಪಕ್ಕಪಕ್ಕದಲ್ಲೇ ಡಾ. ಬಿ.ಆರ್. ಅಂಬೇಡ್ಕರ್ ನಿಲ್ದಾಣ, ವಿಧಾನಸೌಧ; ಸರ್ ಎಂ. ವಿಶ್ವೇಶ್ವರಯ್ಯ ನಿಲ್ದಾಣ, ಸೆಂಟ್ರಲ್ ಕಾಲೇಜು; ನಾಡಪ್ರಭು ಕೆಂಪೇಗೌಡ ನಿಲ್ದಾಣ, ಮೆಜೆಸ್ಟಿಕ್. ಮೂವರು ಮಹನೀಯರನ್ನು, ಅವರ ಬಿರುದುಬಾವಲಿ ಸಮೇತ, ಎರಡು ಭಾಷೆಗಳಲ್ಲಿ, ಬಾಗಿಲ ಮೇಲಿನ ಒಂದು ಗೇಣು ಪಟ್ಟಿಯಲ್ಲಿ ಕೂರಿಸಬೇಕು. ಬೆಕ್ ಮಹಾಶಯನಿಗೆ ಈ ಸಂಕಟ ಇರಲಿಲ್ಲ. ಕೊನೆಗೆ ಜನ ಅದನ್ನು ಓದದೆ "ಮೆಜೆಸ್ಟಿಕ್ ಬಂತೇನ್ರೀ?" ಎಂದು ಪಕ್ಕದವರನ್ನೇ ಕೇಳುತ್ತಾರೆ.

ಹೆಸರು ಕೂರಿಸುವುದೇ ನಕ್ಷೆಯ ಅರ್ಧ ವಿದ್ಯೆ. ಸ್ವಿಟ್ಜರ್‌ಲೆಂಡಿನ ಎಡ್ವರ್ಡ್ ಇಮ್ಹೋಫ್ ಎಂಬ ನಕ್ಷಾಪಂಡಿತ 1962ರಲ್ಲಿ ಬರೀ ಈ ಒಂದು ವಿಷಯದ ಮೇಲೆಯೇ ಪ್ರಬಂಧ ಬರೆದ. ಊರಿನ ಹೆಸರಿಗೆ ಚುಕ್ಕೆಯ ಬಲಗಡೆ, ತುಸು ಮೇಲೆ ಶ್ರೇಷ್ಠ ಜಾಗ. ನದಿಯ ಹೆಸರು ನದಿಯ ಜತೆಗೇ ಬಳುಕಬೇಕು. ಊರು ಯಾವ ದಡದಲ್ಲಿದೆಯೋ ಹೆಸರೂ ಆ ದಡದಲ್ಲೇ ಇರಬೇಕು. ಕಡಲತೀರದ ಊರಿನ ಹೆಸರನ್ನು ಕಡಲಿನೊಳಗೇ ಬರೆಯಬೇಕು. ಇದನ್ನು ಓದಿದ ಮೇಲೆ ಕರ್ನಾಟಕದ ಭೂಪಟವನ್ನು ತೆಗೆದು ನೋಡಿದರೆ ಹೊಸ ಕಣ್ಣು ಬಂದ ಹಾಗಾಗುತ್ತದೆ. ಕಾರವಾರ, ಕುಮಟಾ, ಭಟ್ಕಳ, ಉಡುಪಿ, ಮಂಗಳೂರು ಎಲ್ಲ ಸಾಲಾಗಿ ಅರಬ್ಬೀ ಸಮುದ್ರದಲ್ಲಿ ಈಜುತ್ತಿದ್ದರೆ ನಕ್ಷೆ ಬರೆದವರು ಪಾಠ ಕಲಿತವರು. ಅವೇ ಹೆಸರುಗಳು ಒಳನಾಡಿಗೆ ನುಗ್ಗಿ ಘಟ್ಟ, ಹೊಳೆ, ಜಿಲ್ಲೆಯ ಗಡಿಗಳ ಮೇಲೆ ಬಿದ್ದು ಒದ್ದಾಡುತ್ತಿದ್ದರೆ ಕಲಿಯದವರು. ತುಂಗಭದ್ರೆಯ ತೆಂಕಣ ದಡದ ಹಂಪಿಯ ಹೆಸರನ್ನು ಬಡಗಣ ದಡಕ್ಕೆ ದೂಡಿದರೆ ಅದು ಆನೆಗೊಂದಿಯ ಪಕ್ಕಕ್ಕೆ, ಕೊಪ್ಪಳ ಜಿಲ್ಲೆಗೆ ಹೋಗಿ ಕೂರುತ್ತದೆ. ಶ್ರೀರಂಗಪಟ್ಟಣ ಪಾಪ, ದ್ವೀಪ. ಯಾವ ದಡಕ್ಕೆ ಬರೆದರೂ ತಪ್ಪು.

ಕನ್ನಡದಲ್ಲಿ ನಕ್ಷೆ ಬರೆಯುವವರ ಮೇಲೆ ನನಗೆ ವಿಶೇಷ ಮರುಕ. ಇಂಗ್ಲಿಷಿನವರು ಜಿಲ್ಲೆಗೆ ದೊಡ್ಡಕ್ಷರ, ಊರಿಗೆ ಸಣ್ಣಕ್ಷರ, ನದಿಗೆ ಓರೆಯಕ್ಷರ ಎಂದು ಹಂಚಿಕೊಂಡು ಹಾಯಾಗಿದ್ದಾರೆ. ನಮ್ಮಲ್ಲಿ ಎಲ್ಲ ಅಕ್ಷರಗಳೂ ಸರಿಸಮಾನ. ಗಾತ್ರ, ದಪ್ಪ, ಬಣ್ಣ ಇಷ್ಟರಲ್ಲೇ ಸಂಸಾರ ನಡೆಯಬೇಕು. ಮೇಲಾಗಿ ಒತ್ತಕ್ಷರಗಳು ಕೆಳಕ್ಕೆ ಇಳಿದು ಕೆಳಗಿನ ಊರಿನ ತಲೆಗೆ ಬಡಿಯುತ್ತವೆ. ಬೆಟ್ಟಸಾಲಿನ ಹೆಸರನ್ನು ಸಾಲಿನುದ್ದಕ್ಕೂ ಹರಡುವುದು ವಾಡಿಕೆ. ಇಂಗ್ಲಿಷಿನಲ್ಲಿ ಅದಕ್ಕೆ ಹನ್ನೆರಡು ಅಕ್ಷರಗಳ ದಂಡಿದೆ. ನಮ್ಮ ಪಶ್ಚಿಮಘಟ್ಟಕ್ಕೆ ಐದೇ ಅಕ್ಷರ. ಬೆಳಗಾವಿಯ ಹತ್ತಿರ ಒಂದು "ಪ" ಒಂಟಿಯಾಗಿ ನಿಂತಿರುತ್ತದೆ, ಕೊಡಗಿನ ಹತ್ತಿರ ಒಂದು "ಟ್ಟ". ಇವೆರಡೂ ಒಂದೇ ಮನೆಯವೆಂದು ಎಂಟನೆಯ ತರಗತಿಯ ಹುಡುಗ ಹೇಗೆ ಕಂಡುಹಿಡಿಯಬೇಕು?

ಶಾಲೆ ಎಂದಾಗ ಅಲ್ಲಿಯ ಲೋಕದ ಭೂಪಟವೂ ನೆನಪಾಗುತ್ತದೆ. ಮರ್ಕೇಟರ್ ಎಂಬ ನಕ್ಷೆಗಾರ 1569ರಲ್ಲಿ ಹಡಗಿನವರಿಗೆ ದಿಕ್ಸೂಚಿಯ ದಿಕ್ಕು ನೇರ ಗೆರೆಯಾಗಿ ಸಿಗಲೆಂದು ಬರೆದದ್ದನ್ನು ಕಡಲೇ ಇಲ್ಲದ ಊರಿನ ಶಾಲೆಯ ಗೋಡೆಗೂ ನೇತುಹಾಕಿದರು. ಅದರಲ್ಲಿ ಗ್ರೀನ್‌ಲ್ಯಾಂಡ್ ಆಫ್ರಿಕಾದಷ್ಟು ಕಾಣುತ್ತದೆ. ಲೆಕ್ಕ ನೋಡಿದರೆ ಆಫ್ರಿಕಾ ಅದರ ಹದಿನಾಲ್ಕು ಪಟ್ಟು. ನಮ್ಮ ಭಾರತವೇ ಗ್ರೀನ್‌ಲ್ಯಾಂಡಿಗಿಂತ ದೊಡ್ಡದು. ಚುನಾವಣೆಯ ಮಾರನೆಯ ದಿನ ಪತ್ರಿಕೆಗಳು ಅಚ್ಚುಹಾಕುವ ಬಣ್ಣದ ನಕ್ಷೆಯದೂ ಇದೇ ಕಥೆ. ಕರ್ನಾಟಕದ 224 ವಿಧಾನಸಭಾ ಕ್ಷೇತ್ರಗಳಲ್ಲಿ ಬೆಂಗಳೂರಿನ 28 ಸೇರಿ ಒಂದು ಕಡಲೆಬೀಜದಷ್ಟು ಜಾಗ. ಕಾಡು ತುಂಬಿದ ಒಂದೇ ಕ್ಷೇತ್ರ ಅಂಗೈಯಗಲ. ಗೆದ್ದವರು ಯಾರೆಂದು ಬಣ್ಣ ನೋಡಿ ಹೇಳಲು ಹೊರಟರೆ ಮರಗಳೂ ಮತ ಹಾಕಿದಂತೆ ಕಾಣುತ್ತದೆ. ಇಂಥಲ್ಲಿ ಪ್ರತಿ ಕ್ಷೇತ್ರಕ್ಕೂ ಒಂದೇ ಅಳತೆಯ ಚೌಕ ಕೊಡುವ ಪತ್ರಿಕೆ ಕಂಡರೆ ಆವತ್ತಿನ ಕಾಫಿ ನನಗೆ ಹೆಚ್ಚು ರುಚಿಸುತ್ತದೆ.

ಉದ್ಯಾನಗಳಲ್ಲಿ, ದೊಡ್ಡ ಆಸ್ಪತ್ರೆಗಳಲ್ಲಿ "ನೀವು ಇಲ್ಲಿದ್ದೀರಿ" ಎಂಬ ಬೋರ್ಡು ನೆಟ್ಟಿರುತ್ತಾರೆ. ನೋಡುವವನ ಎದುರಿಗಿರುವುದು ಬೋರ್ಡಿನಲ್ಲಿ ಮೇಲುಗಡೆ ಬರಬೇಕು. ಲಂಡನ್ನಿನ ಬೀದಿಗಳಲ್ಲಿ ಈಗ ಹಾಗೆಯೇ ಮಾಡಿದ್ದಾರೆ. ನಮ್ಮಲ್ಲಿ ಒಂದೇ ನಕ್ಷೆಯನ್ನು ಹತ್ತು ಪ್ರತಿ ಮಾಡಿ, ಗುಂಡಿ ತೋಡಲು ಸುಲಭವಾದ ಕಡೆ ಹತ್ತು ದಿಕ್ಕಿಗೆ ನೆಡುತ್ತಾರೆ. ಬೋರ್ಡಿನಲ್ಲಿ ಎಡಕ್ಕಿರುವ ಶೌಚಾಲಯ ನೆಲದ ಮೇಲೆ ಬಲಕ್ಕಿರುತ್ತದೆ, ಅವಸರದಲ್ಲಿರುವವನಿಗೆ ಇದು ಸಣ್ಣ ವಿಷಯವಲ್ಲ. ಒಲೆಯ ಬಾಯಿ, ಮಲಗುವ ತಲೆ, ಹಣದ ಪೆಟ್ಟಿಗೆ ಎಲ್ಲಕ್ಕೂ ವಾಸ್ತು ನೋಡಿ ದಿಕ್ಕು ಹಿಡಿಯುವ ನಾಡಿನಲ್ಲಿ ನಕ್ಷೆಯ ಬೋರ್ಡಿಗೆ ಮಾತ್ರ ದಿಕ್ಕಿಲ್ಲ. ಬಂದವರೆಲ್ಲ ಬೆರಳಿಟ್ಟು ಬೆರಳಿಟ್ಟು "ನೀವು ಇಲ್ಲಿದ್ದೀರಿ" ಎಂಬ ಕೆಂಪು ಚುಕ್ಕೆ ಅಳಿಸಿಹೋಗಿ ತಗಡು ಹೊಳೆಯುತ್ತಿರುತ್ತದೆ. ಎಲ್ಲಕ್ಕಿಂತ ಸವೆದ ಜಾಗವೇ ನೀವಿರುವ ಜಾಗ ಎಂದು ತಿಳಿದುಕೊಳ್ಳಬೇಕು.

ಒಂದು ಬಗೆಯ ನಕ್ಷೆಯನ್ನು ಮಾತ್ರ ಮಾವನ ಮಾತು ಮೀರಿ ನಾನು ಮೆಚ್ಚುತ್ತೇನೆ: ಮದುವೆಯ ಕರೆಯೋಲೆಯ ಹಿಂಬದಿಯದು. ಸ್ಕೇಲಿಲ್ಲ, ಕಲ್ಯಾಣಮಂಟಪ ಊರಿಗಿಂತ ದೊಡ್ಡದು. ಆದರೂ ಬಸ್‌ಸ್ಟ್ಯಾಂಡು, ಅರಳಿಕಟ್ಟೆ, ಪೆಟ್ರೋಲ್ ಬಂಕು, ಎಡಕ್ಕೆ ತಿರುಗಿ, ಮಂಟಪ. ಬೇಕಾದ್ದೆಲ್ಲ ಇದೆ, ಬೇಡದ್ದು ಒಂದೂ ಇಲ್ಲ. ಬೆಕ್ ನೋಡಿದ್ದರೆ ತಲೆದೂಗುತ್ತಿದ್ದ. ಈಗ ಅದನ್ನು ಕಿತ್ತು ಆ ಜಾಗಕ್ಕೆ ಕ್ಯೂಆರ್ ಕೋಡ್ ಹಾಕಿಸುತ್ತಿದ್ದಾರೆ. ನೆಟ್‌ವರ್ಕ್ ಸಿಗದ ಘಟ್ಟದ ಕೆಳಗಿನ ಊರಿಗೆ ಫೋನೇ ಇಲ್ಲದ ಅಜ್ಜಿಯನ್ನು ಕರೆದವರು ಸ್ವಲ್ಪ ಯೋಚಿಸಬೇಕು. ಈ ಸೀಸನ್ನಿನಲ್ಲಿ ಕರೆಯೋಲೆ ಅಚ್ಚುಹಾಕಿಸುವವರಲ್ಲಿ ನನ್ನ ವಿನಂತಿ ಇಷ್ಟೇ. ಕೋಡ್ ಇರಲಿ, ಪಕ್ಕದಲ್ಲಿ ನಾಲ್ಕು ಗೆರೆಯ ಆ ನಕ್ಷೆಯೂ ಇರಲಿ. ಮುಚ್ಚಿಹೋಗಬಹುದಾದ ಅಂಗಡಿಯ ಬದಲು ಅಲುಗದ ಗುರುತು ಹಾಕಿಸಿ. ಅಚ್ಚಿಗೆ ಕೊಡುವ ಮುನ್ನ ಆ ಊರನ್ನೇ ಕಾಣದ ನೆಂಟರೊಬ್ಬರ ಕೈಗೆ ಕೊಟ್ಟು, ಫೋನು ಕಸಿದುಕೊಂಡು ಕಳಿಸಿ. ಮೊದಲ ಪಂಕ್ತಿಯ ಹೊತ್ತಿಗೆ ಬಂದು ಕೂತರೆ ನಕ್ಷೆ ಪಾಸು. ಮಜ್ಜಿಗೆಯ ಹೊತ್ತಿಗೆ ಬಂದರೆ ಇನ್ನೊಮ್ಮೆ ಬರೆಸಿ.