ಡಿಫರೆನ್ಸಣ್ಣ

ಅಡಿಕೆ ತೋಟವಿರುವ ಸೀಮೆಯಲ್ಲಿ ದುಡ್ಡಿನ ಮಾತಿಗೆ ಮರ್ಯಾದೆ ಜಾಸ್ತಿ, ಸಂಕೋಚ ಕಡಿಮೆ. ಹೊಳಲ್ಕೆರೆ, ಹೊಸದುರ್ಗದ ಕಡೆ ಹೊಸ ಚಪ್ಪಲಿ ಮೆಟ್ಟಿಕೊಂಡು ಹೊರಟರೆ "ಚೆನ್ನಾಗಿದೆ" ಅನ್ನುವವರು ಬೀದಿಯ ಆ ತುದಿಗೆ ಸಿಗುತ್ತಾರೆ. ಈ ತುದಿಯಲ್ಲೇ ಸಿಗುವವರು "ಎಷ್ಟು ಬಿತ್ತು?" ಅನ್ನುತ್ತಾರೆ. ನೀವು ಏನೇ ಹೇಳಿ, ಅದು ಜಾಸ್ತಿಯೇ. ಕೇಳಿ, ಜಾಸ್ತಿಯಾಯಿತೆಂದು ಹೇಳಿ, ತಮ್ಮ ಪಾಡಿಗೆ ಹೋಗುವವರು ಸಾಮಾನ್ಯ ಜನ. ಕೊಂಡು ತಿಂಗಳಾದ ಮೇಲೂ ಅದೇ ಪ್ರಶ್ನೆಯನ್ನು ತನಗೇ ಹಾಕಿಕೊಂಡು, ಉತ್ತರ ಹುಡುಕಿ, ಬಿಲ್ಲು ಹಿಡಿದು ಡಿಫರೆನ್ಸ್ ಕೇಳಲು ಅಂಗಡಿಗೆ ವಾಪಸ್ ಹೋಗುವವನು ಡಿಫರೆನ್ಸಣ್ಣ.

ಇವನು ಒಬ್ಬನೇ ಅಂದುಕೊಳ್ಳಬೇಡಿ. ಹಿರಿಯೂರಿನಲ್ಲಿ ನಿವೃತ್ತ ಮೇಷ್ಟ್ರ ರೂಪದಲ್ಲಿದ್ದಾನೆ, ಚಿತ್ರದುರ್ಗದ ಬಿ.ಡಿ. ರಸ್ತೆಯಲ್ಲಿ ಬ್ಯಾಂಕಿನಿಂದ ರಿಟೈರಾದವರ ರೂಪದಲ್ಲಿ ವಾಕಿಂಗ್ ಮಾಡುತ್ತಾನೆ. ನಾನು ಹತ್ತಿರದಿಂದ ಬಲ್ಲವನು ಹೊಳಲ್ಕೆರೆ ತಾಲ್ಲೂಕಿನ ತೋಟದವನು. ಉಳ್ಳವನು, ಜಿಪುಣನಲ್ಲ. ಮನೆಗೆ ಹೋದರೆ ಊಟ ಮಾಡಿಸದೆ ಕಳಿಸುವುದಿಲ್ಲ, ಜಾತ್ರೆಗೆ ಕೇಳಿದಷ್ಟು ಪಟ್ಟಿ ಕೊಡುತ್ತಾನೆ. ಸಾವಿರ ಹೋದರೂ ಅವನಿಗೆ ಬೇಜಾರಿಲ್ಲ. ತನ್ನದು ಸಾವಿರ ಹೋಗಿ ಇನ್ನೊಬ್ಬನದು ಒಂಬೈನೂರು ಹೋಗಿದೆ ಎಂದು ಗೊತ್ತಾದರೆ ಮಾತ್ರ ಆ ನೂರು ರೂಪಾಯಿ ರಾತ್ರಿಯೆಲ್ಲ ಹಾಸಿಗೆಯಲ್ಲಿ ಹೊರಳಾಡುತ್ತದೆ.

2023ರ ಆಗಸ್ಟ್ ಕೊನೆಯಲ್ಲಿ ಕೇಂದ್ರ ಸರ್ಕಾರ ಅಡುಗೆ ಅನಿಲದ ಸಿಲಿಂಡರಿಗೆ 200 ರೂಪಾಯಿ ಇಳಿಸಿತು. ಡಿಫರೆನ್ಸಣ್ಣನ ಮನೆಗೆ ಸಿಲಿಂಡರ್ ಬಂದಿದ್ದು ಹಿಂದಿನ ದಿನ. ಸಿಲಿಂಡರ್ ಹೊತ್ತು ತಂದ ಹುಡುಗನನ್ನು ಹುಡುಕಿಕೊಂಡು ಹೋಗಿ, "ಇನ್ನೂ ಒಲೆ ಹಚ್ಚಿಲ್ಲಪ್ಪ, ಬೇಕಾದ್ರೆ ಬಂದು ನೋಡು" ಎಂದ. 2025ರ ಗಣೇಶನ ಹಬ್ಬಕ್ಕೆ ದೊಡ್ಡ ಟಿ.ವಿ. ತಂದ. ಹಬ್ಬ ಮುಗಿದು ತಿಂಗಳೂ ತುಂಬಿರಲಿಲ್ಲ, ಸೆಪ್ಟೆಂಬರ್ 22ರಿಂದ ದೊಡ್ಡ ಟಿ.ವಿ.ಗಳ ಜಿ.ಎಸ್.ಟಿ. ಶೇ 28ರಿಂದ 18ಕ್ಕೆ ಇಳಿಯಿತು. ಅಂಗಡಿಯವರು ಅವನನ್ನು ದೂರದಿಂದ ಕಂಡೇ ಊಟಕ್ಕೆ ಎದ್ದರಂತೆ. ಬೆಳಿಗ್ಗೆ ಹತ್ತೂವರೆಗೆ.

ಅವನಿಗೆ ಸೋಲು ಉಣಿಸಿದ್ದು ಒಂದೇ ಒಂದು ಟಿಕೆಟ್ಟು. 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಬಂದ ಮೇಲೆ ಹೆಂಡತಿ ಕೆಂಪು ಬಸ್ಸಿನಲ್ಲಿ ಶೂನ್ಯ ದರದ ಚೀಟಿ ಹಿಡಿದು ಕಿಟಕಿ ಪಕ್ಕ ಕೂರುತ್ತಾಳೆ, ಇವನು ಪೂರ್ತಿ ದುಡ್ಡು ಕೊಟ್ಟು ಅವಳ ಪಕ್ಕ. ಸೊನ್ನೆಗಿಂತ ಕೆಳಗೆ ದರ ಇಳಿಯುವುದಿಲ್ಲವಾದ್ದರಿಂದ ಅವಳ ಟಿಕೆಟ್ಟಿನಲ್ಲಿ ಕೇಳಲು ಏನೂ ಇಲ್ಲ. ತನ್ನ ಟಿಕೆಟ್ಟಿನಲ್ಲಿ ಕೇಳಬೇಕೆಂದರೆ ಗಂಡಸಾಗಿ ಹುಟ್ಟಿದ್ದಕ್ಕೇ ಅರ್ಜಿ ಹಾಕಬೇಕು.

ಇಂಥವನು ವಿಮಾನ ಹತ್ತಲು ಹೊರಟರೆ ಏನಾಗಬೇಕೋ ಅದೇ ಆಯಿತು. ವಿಮಾನದಲ್ಲಿ ಒಂದೇ ಸಾಲಿನ ಮೂವರು ಮೂರು ದರ ಕೊಟ್ಟಿರುತ್ತಾರೆ. ಈ ಕಾಯಿಲೆ ನಮ್ಮವರಿಗೆ ಅಂಟಿದ್ದು ಗೊರೂರಿನ ಕ್ಯಾಪ್ಟನ್ ಗೋಪಿನಾಥರ ಕಾಲದಲ್ಲಿ ಎಂದು ನನ್ನ ಗುಮಾನಿ. 2003ರಲ್ಲಿ ಏರ್ ಡೆಕ್ಕನ್ ಶುರು ಮಾಡಿದ ಅವರು ಆಮೇಲೆ ಒಂದು ರೂಪಾಯಿಗೂ ಕೆಲವು ಸೀಟು ಮಾರಿದರು. ಹಳ್ಳಿಯವನೂ ಹಾರಲಿ ಎಂಬುದು ಅವರ ಆಸೆ. ಹಾರಿದ ಹಳ್ಳಿಯವನಿಗೆ ಆಕಾಶಕ್ಕಿಂತ ಪಕ್ಕದವನ ಟಿಕೆಟ್ ಮೇಲೇ ಕಣ್ಣು.

ಡಿಫರೆನ್ಸಣ್ಣ, ಅವನ ಹೆಂಡತಿ, ಹೊಸದುರ್ಗದ ಬೀಗರು ಮತ್ತು ಬೀಗಿತ್ತಿ ಒಟ್ಟಿಗೆ ಕಾಶಿಗೆ ಹೊರಟಿದ್ದರು. ಬೆಂಗಳೂರಿನಿಂದ ವಾರಾಣಸಿ. ಟಿಕೆಟ್ ತೆಗೆಯುವ ಕೆಲಸ ಹಿರಿಯೂರಿನಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಅಳಿಯನದು, ಅಂದರೆ ತಂಗಿಯ ಮಗನದು. ಕಂಪನಿಯ ವೆಬ್‌ಸೈಟಿನಲ್ಲೇ ತಲೆಗೆ 6,850ರಂತೆ ಎರಡು ಟಿಕೆಟ್ ತೆಗೆದ. ತೆಗೆದವನು ಸುಮ್ಮನಿರದೆ, "ಮಾವ, 24 ಗಂಟೆ ಒಳಗೆ ಬೇಡ ಅಂದ್ರೆ ಪೂರ್ತಿ ದುಡ್ಡು ವಾಪಸ್" ಎಂದುಬಿಟ್ಟ. ಅವನು ಹೇಳಿದ್ದು ಸುಳ್ಳಲ್ಲ. ಪ್ರಯಾಣಕ್ಕೆ ಏಳು ದಿನಕ್ಕಿಂತ ಹೆಚ್ಚಿದ್ದರೆ ಬುಕ್ ಮಾಡಿದ 24 ಗಂಟೆಯೊಳಗೆ ದಂಡವಿಲ್ಲದೆ ರದ್ದು ಮಾಡಬಹುದು ಎಂಬ ಮಾತು ವಿಮಾನಯಾನ ಸಚಿವಾಲಯ 2019ರಲ್ಲಿ ಹೊರಡಿಸಿದ ಪ್ರಯಾಣಿಕರ ಸನ್ನದಿನಲ್ಲಿತ್ತು. ಆದರೆ ಇದನ್ನೆಲ್ಲ ಹೇಳುವ ಮೊದಲು ಕೇಳುವವನು ಯಾರೆಂದು ನೋಡಬೇಡವೇ?

ಅವತ್ತು ಮನೆಯಲ್ಲಿ ಶಿವರಾತ್ರಿ. ಡಿಫರೆನ್ಸಣ್ಣ ಗಂಟೆಗೊಮ್ಮೆ ಅಳಿಯನಿಗೆ ಫೋನು. ಹಿರಿಯೂರಿನವನಾದ್ದರಿಂದ ಅಳಿಯನಿಗೆ ಅಂಕಿ ಒಪ್ಪಿಸಿ ರೂಢಿಯಿದೆ. ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದಿದ್ದು ಮತ್ತೆ ಬಿದ್ದಿದ್ದು 2022ರಲ್ಲಿ. ನಡುವೆ 89 ವರ್ಷ ಆ ಊರಿನವರು ಮಾರಿಕಣಿವೆ ಎಷ್ಟು ಅಡಿ ಬಂತು ಎಂದು ಒಬ್ಬರನ್ನೊಬ್ಬರು ಕೇಳಿಕೊಂಡೇ ಬದುಕಿದ್ದಾರೆ. ನಡುರಾತ್ರಿ ದರ ಇನ್ನೂರು ರೂಪಾಯಿ ಏರಿತು. ಡಿಫರೆನ್ಸಣ್ಣ ಹೆಂಡತಿಯನ್ನು ಎಬ್ಬಿಸಿ, "ನಾನೂರು ರೂಪಾಯಿ ಲಾಭ ಆಯ್ತು ಕಣೇ" ಎಂದ. ಆ ಲಾಭವನ್ನು ವಿಮಾನ ಕಂಪನಿಗೆ ವಾಪಸ್ ಕೊಡುವ ಮಾತು ಅವನ ಬಾಯಲ್ಲಿ ಬರಲಿಲ್ಲ. 24 ಗಂಟೆ ಕಳೆಯಿತು, ನಿದ್ದೆ ಬಂತು.

ಮೂರನೇ ದಿನ ಬೀಗರು ತಮ್ಮ ಟಿಕೆಟ್ ತೆಗೆದರು. ತೆಗೆದವರು ಔದಾರ್ಯಕ್ಕೆ ಫೋನ್ ಮಾಡಿ, "ನಮ್ದೂ ಆಯ್ತು ಬೀಗ್ರೆ, ಅದೇ ಫ್ಲೈಟು, 5,740" ಎಂದರು.

ಕಂಪನಿ ಮೋಸ ಮಾಡಿದ್ದರೆ ತಡೆದುಕೊಳ್ಳುತ್ತಿದ್ದನೇನೋ. ಬೀಗರ ಮುಂದೆ ತಲೆಗೆ 1,110 ರೂಪಾಯಿಯಷ್ಟು ದಡ್ಡನಾಗುವುದು ಯಾವ ಮನುಷ್ಯನಿಗೂ ಆಗದ ಕೆಲಸ. ಕಸ್ಟಮರ್ ಕೇರಿಗೆ ಫೋನು ಹೋಯಿತು. ಒಂದು ಒತ್ತಿ, ಎರಡು ಒತ್ತಿ, ಅರ್ಧ ಗಂಟೆ ಸಂಗೀತ ಕೇಳಿದ ಮೇಲೆ ಕನ್ನಡ ಬಲ್ಲ ಹುಡುಗಿ ಸಿಕ್ಕಳು. "ನಿಮಗಾದ ಅನಾನುಕೂಲಕ್ಕೆ ಕ್ಷಮೆ ಇರಲಿ ಸರ್."

"ನಂಗೇನೂ ಅನಾನುಕೂಲ ಆಗಿಲ್ಲಮ್ಮ. ಎರಡು ಸಾವಿರದ ಇನ್ನೂರ ಇಪ್ಪತ್ತು ರೂಪಾಯಿ ಆಗಿದೆ."

ಇಳಿದ ದರದ ವ್ಯತ್ಯಾಸ ಕೊಡುವ ಪದ್ಧತಿ ಇಲ್ಲ, ಬೇಕಾದರೆ ರದ್ದು ಮಾಡಿ ಹೊಸದಾಗಿ ತೆಗೆಯಬಹುದು ಎಂದಳು. ಅಳಿಯ ಲೆಕ್ಕ ಹಾಕಿ ತೋರಿಸಿದ. ರದ್ದು ಮಾಡಿದರೆ ತಲೆಗೆ ಮೂರೂವರೆ ಸಾವಿರ ಮುರಿದುಕೊಳ್ಳುತ್ತಾರೆ. ಸಾವಿರದ ನೂರಾಹತ್ತು ಉಳಿಸಲು ಮೂರೂವರೆ ಸಾವಿರ ಕಳೆಯಬೇಕು. ಕ್ಯಾನ್ಸಲ್ ಶುಲ್ಕ ಮೂಲ ದರ ಮತ್ತು ಇಂಧನದ ಸರ್‌ಚಾರ್ಜು ಎರಡರ ಮೊತ್ತ ದಾಟಬಾರದು, ತೆರಿಗೆ ಮತ್ತು ವಿಮಾನ ನಿಲ್ದಾಣದ ಶುಲ್ಕ ಯಾವ ಅಗ್ಗದ ಟಿಕೆಟ್ಟಾದರೂ ವಾಪಸ್ ಬರಬೇಕು ಎಂದು ವಿಮಾನಯಾನ ನಿರ್ದೇಶನಾಲಯದ ನಿಯಮವಿದೆ. ಅದನ್ನೂ ಓದಿ ಹೇಳಿದ. ಡಿಫರೆನ್ಸಣ್ಣ ಕೇಳಿಸಿಕೊಂಡು, "ಅಂದ್ರೆ ಕಂಪನಿಯೋನು ತನ್ನ ಜೇಬಿಂದ ಬಿಚ್ಚಲ್ಲ, ಸರ್ಕಾರದ ಜೇಬಿಂದ ಕೊಡ್ತಾನೆ ಅನ್ನು" ಎಂದ. ನಿಯಮವನ್ನು ಇಷ್ಟು ಚೊಕ್ಕವಾಗಿ ಬಿಡಿಸಿ ಹೇಳಿದ ವಕೀಲರನ್ನು ನಾನು ಕಂಡಿಲ್ಲ.

ಬರಬರುತ್ತಾ ಅವನ ವಾದಕ್ಕೆ ಪುರಾವೆಗಳು ಕೂಡಿಕೊಂಡವು. ಡಲ್ಲಾಸ್‌ನಲ್ಲಿರುವ ಮಗ ಹೇಳಿದ, ಅಲ್ಲಿನ ದೊಡ್ಡ ಕಂಪನಿಗಳು 2020ರಲ್ಲಿ ಬಹುಪಾಲು ಟಿಕೆಟ್ಟುಗಳಿಗೆ ಬದಲಾವಣೆ ಶುಲ್ಕ ತೆಗೆದುಹಾಕಿವೆ, ದರ ಇಳಿದರೆ ಅದೇ ವಿಮಾನಕ್ಕೆ ಮತ್ತೆ ಬುಕ್ ಮಾಡಿ ವ್ಯತ್ಯಾಸ ಪಡೆಯಬಹುದು ಎಂದು. ಆ ವ್ಯತ್ಯಾಸ ಸಾಮಾನ್ಯವಾಗಿ ನಗದಲ್ಲ, ಮುಂದಿನ ಟಿಕೆಟ್ಟಿಗೆ ಕ್ರೆಡಿಟ್ಟು, ಅದಕ್ಕೂ ಅವಧಿ ಇದೆ ಎಂದ ಭಾಗ ನೆಟ್‌ವರ್ಕ್ ಸರಿಯಿಲ್ಲದೆ ಕೇಳಿಸಲಿಲ್ಲ. ಇನ್ನೊಂದು ಪುರಾವೆ ರೈಲಿನದು. ಇದನ್ನು ಕೇಳಿ ನಾನೂ ಒಂದು ಗಳಿಗೆ ಸುಮ್ಮನಾದೆ. 2014ರ ಜೂನಿನಲ್ಲಿ ರೈಲ್ವೆ ಪ್ರಯಾಣ ದರ ಶೇ 14.2 ಏರಿದಾಗ, ಮೊದಲೇ ಟಿಕೆಟ್ ತೆಗೆದವರಿಂದಲೂ ವ್ಯತ್ಯಾಸ ವಸೂಲಿ ಮಾಡುವುದಾಗಿ ಇಲಾಖೆ ಹೇಳಿತ್ತು. "ಏರಿದ್ರೆ ನನ್ ಹತ್ರ ಇಸ್ಕೊಳ್ಳೋದು, ಇಳಿದ್ರೆ ಪದ್ಧತಿ ಇಲ್ಲ ಅನ್ನೋದು. ಪದ್ಧತಿ ಅನ್ನೋದು ಬರೀ ಮೇಲಕ್ಕೆ ಹತ್ತೋ ಏಣಿಯಾ?" ರೈಲು ಸರ್ಕಾರದ್ದು, ವಿಮಾನ ಖಾಸಗಿಯವರದು ಎಂದು ಹೇಳಬಹುದಿತ್ತು. ಹೇಳಲು ಮನಸ್ಸಾಗಲಿಲ್ಲ.

ಅಳಿಯ ಕೊನೆಯ ಪ್ರಯತ್ನ ಮಾಡಿದ. ವಿಮಾನದ ಸೀಟುಗಳನ್ನು ಒಳಗೊಳಗೇ ಹಲವು ದರದ ಗುಂಪುಗಳಾಗಿ ಒಡೆದಿರುತ್ತಾರೆ, ಒಂದೊಂದಕ್ಕೆ ಒಂದೊಂದು ಇಂಗ್ಲಿಷ್ ಅಕ್ಷರ. ಅಗ್ಗದ್ದು ಮೊದಲು ಖಾಲಿಯಾಗುತ್ತದೆ, ಜನ ಬರದಿದ್ದರೆ ಅದನ್ನೇ ಮತ್ತೆ ತೆರೆಯುತ್ತಾರೆ. "ಅಡಿಕೇಲಿ ರಾಶಿ, ಬೆಟ್ಟೆ, ಅಪಿ ಅಂತ ಇಲ್ವಾ ಮಾವ, ಹಂಗೆ."

"ರಾಶಿನೇ ಬೇರೆ, ಅಪಿನೇ ಬೇರೆ, ಕಣ್ಣಿಗೆ ಕಾಣುತ್ತೆ. ಇಲ್ಲಿ ಎಲ್ಲರೂ ಒಂದೇ ಥರ ಮಂಡಿ ಮುದುರಿಕೊಂಡು ಕೂತಿರ್ತಾರಲ್ಲೋ, ಏನು ಬೇರೆ?"

ಅಡಿಕೆಯ ಮಾತು ಬಂದಿದ್ದೇ ನೆಪವಾಗಿ ನಾನು ಬಾಯಿ ಹಾಕಿದೆ. ಹೋದ ವರ್ಷ ಭೀಮಸಮುದ್ರದ ಮಂಡಿಯಲ್ಲಿ ಅಡಿಕೆ ಕೊಟ್ಟು ಬಂದ ವಾರಕ್ಕೇ ಕ್ವಿಂಟಲಿಗೆ ಎರಡು ಸಾವಿರ ಏರಿತ್ತಲ್ಲ, ಸಾಹುಕಾರರ ಹತ್ತಿರ ಡಿಫರೆನ್ಸ್ ಕೇಳಿದೆಯಾ ಎಂದೆ. ಹುಚ್ಚನನ್ನು ನೋಡುವಂತೆ ನೋಡಿದ. "ಅದು ವ್ಯಾಪಾರ ಕಣಪ್ಪ. ಇದು ಮೋಸ."

ಹೊರಡುವ ದಿನ ಬೆಳಗಿನ ಜಾವ ಬಾಡಿಗೆ ಕಾರಿನಲ್ಲಿ ನಾಲ್ವರೂ ಹೊರಟರು. ಶಿವಮೊಗ್ಗದಲ್ಲಿ 2023ರಿಂದ ವಿಮಾನ ನಿಲ್ದಾಣವಿದೆ, ಹೊಳಲ್ಕೆರೆಗೆ ಅದೇ ಹತ್ತಿರ. ಆದರೆ ಕಾಶಿಗೆ ನೇರ ವಿಮಾನವಿರುವುದು ದೇವನಹಳ್ಳಿಯಿಂದ. ಹಿರಿಯೂರು, ಶಿರಾ ದಾಟಿ, ದಾಬಸ್‌ಪೇಟೆಯಲ್ಲಿ ಹೆದ್ದಾರಿ ಬಿಟ್ಟು ದೊಡ್ಡಬಳ್ಳಾಪುರದ ಮೇಲೆ ಹೋಗುವಷ್ಟರಲ್ಲಿ ಕಾರಿನ ಬಾಡಿಗೆ, ಟೋಲು, ತಿಂಡಿ ಸೇರಿ ಆ 2,220ರ ಮೂರರಷ್ಟು ಖರ್ಚಾಯಿತು. ಅಷ್ಟನ್ನೂ ಡಿಫರೆನ್ಸಣ್ಣನೇ ಕೊಟ್ಟ. ಬೀಗರು ಜೇಬಿಗೆ ಕೈ ಹಾಕಿದರೆ, "ಛೆ ಛೆ, ನೀವ್ಯಾಕೆ" ಎಂದು ಗದರಿದ. ಹೇಳಿದೆನಲ್ಲ, ಜಿಪುಣನಲ್ಲ.

ಮುಂದಿನದನ್ನು ಅವನ ಹೆಂಡತಿ ಹೇಳಿದ್ದು. ವಿಮಾನದಲ್ಲಿ ಕಿಟಕಿ ಪಕ್ಕ ಒಬ್ಬ ಸಾಫ್ಟ್‌ವೇರ್ ಹುಡುಗ ಕೂತಿದ್ದನಂತೆ. ಬೆಲ್ಟು ಹಾಕಿಕೊಳ್ಳುವ ಮೊದಲೇ ಪ್ರಶ್ನೆ ಬಿತ್ತು, "ನಿಮ್ಗೆಷ್ಟು ಬಿತ್ತಪ್ಪ?"

"ಒಂಬತ್ತು ಸಾವಿರದ ನಾನೂರು ಅಂಕಲ್. ಮೊನ್ನೆ ಬುಕ್ ಮಾಡಿದ್ದು. ನಿಮ್ಗೆ?"

"ಐದು ಸಾವಿರದ ಏಳ್ನೂರ ನಲವತ್ತು," ಎಂದ ಡಿಫರೆನ್ಸಣ್ಣ, ಬೀಗರ ದರವನ್ನು ತನ್ನದೆಂಬಂತೆ. ಹೆಂಡತಿ ತಿರುಗಿ ನೋಡಿದರೆ ಇವನು ಚೀಲದಿಂದ ಕೋಡುಬಳೆ ತೆಗೆಯುತ್ತಿದ್ದಾನೆ.

ಹುಡುಗನ ಮುಖ ಸಪ್ಪಗಾಯಿತು. "ಅಷ್ಟೊಂದು ಡಿಫರೆನ್ಸಾ? ಕೇಳಿದ್ರೆ ವಾಪಸ್ ಏನಾದ್ರೂ ಕೊಡ್ತಾರಾ ಅಂಕಲ್?"

"ಎಲ್ಲಿ ಕೊಡ್ತಾರಪ್ಪ! ವ್ಯಾಪಾರ ಅಂದ್ಮೇಲೆ ಏರೋದು ಇಳಿಯೋದು ಇದ್ದಿದ್ದೇ. ನಮ್ ಭೀಮಸಮುದ್ರದಲ್ಲಿ ಕೊಡ್ತಾರಾ? ತಗೋ, ಕೋಡುಬಳೆ ತಿನ್ನು," ಎಂದವನೇ ಸೀಟಿನಿಂದ ಅರ್ಧ ಎದ್ದು ಎರಡು ಸಾಲು ಹಿಂದಕ್ಕೆ ಕತ್ತು ಚಾಚಿದ. "ಬೀಗ್ರೇ, ಕೇಳಿದ್ರಾ? ಈ ಹುಡುಗಂಗೆ ಒಂಬತ್ತು ಸಾವಿರದ ನಾನೂರಂತೆ!"