ಸತೋಷಿ ಮಾರಾಯ್ರಿಗೆ, ತೊಕ್ಕೊಟ್ಟಿನ ಶಾಮಿಯಾನದವ ಬರೆಯುವುದು

ಶ್ರೀ ಸತೋಷಿ ನಾಕಾಮೊಟೊ ಅವರಿಗೆ,
(ವಿಳಾಸ: ನಿಮಗೇ ಗೊತ್ತು)

ಈ ಕಾಗದವನ್ನು ಸ್ಪೀಡ್ ಪೋಸ್ಟಿನಲ್ಲಿ ಕಳಿಸುವ ಮನಸ್ಸಿತ್ತು. ಆದರೆ ನೀವು ಗಂಡಸೋ ಹೆಂಗಸೋ, ಒಬ್ಬರೋ ನಾಲ್ಕು ಜನವೋ ಯಾರಿಗೂ ಗೊತ್ತಿಲ್ಲವಂತೆ. 2008ರ ಅಕ್ಟೋಬರ್ 31ರಂದು ಬಿಟ್‌ಕಾಯಿನ್ ಬಗ್ಗೆ ಒಂಬತ್ತು ಪುಟ ಬರೆದಿರಿ, 2009ರ ಜನವರಿಯಲ್ಲಿ ಅದನ್ನು ಚಾಲೂ ಮಾಡಿದಿರಿ, 2011ರ ಹೊತ್ತಿಗೆ ನಾಪತ್ತೆ. ನಮ್ಮಲ್ಲಿ ಚಿಟ್‌ಫಂಡ್ ಮುಳುಗಿಸಿ ಓಡಿದವನ ಮನೆಯ ಗೇಟಿನ ಎದುರಾದರೂ ನಿಂತು ನಾಲ್ಕು ಮಾತು ಬೈಯಬಹುದು. ನೀವು ಗೇಟನ್ನೂ ಇಟ್ಟಿಲ್ಲ.

ನಾನು ತೊಕ್ಕೊಟ್ಟಿನಲ್ಲಿ ಶಾಮಿಯಾನ, ಕುರ್ಚಿ, ಮೇಜು, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವವ. ಈಗಷ್ಟೇ ಬ್ಯಾಂಕಿನಿಂದ ಬಂದೆ. ಬೆಳಿಗ್ಗೆಯಿಂದ ಕೂತು, ನನ್ನ ಸರದಿ ಬಂತು ಅನ್ನುವಾಗ ಸಾಹೇಬರು ಊಟಕ್ಕೆ ಎದ್ದರು. ನಾನು ಇನ್ನೂ ಉಂಡಿಲ್ಲ. ಮಾತು ಖಾರವಾದರೆ ಹೊಟ್ಟೆಯದ್ದೆಂದು ತಿಳಿಯಿರಿ.

ವಿಷಯ ಇಷ್ಟೇ. ದುಬೈಯಿಂದ ರಜೆಯಲ್ಲಿ ಬಂದ ಒಬ್ಬ ಹುಡುಗ, ಒಳ್ಳೆಯವನೇ, ಮನೆ ಒಕ್ಕಲಿಗೆ ನನ್ನಿಂದ ಪೂರಾ ಸಾಮಾನು ತೆಗೆದುಕೊಂಡ. ಬಾಕಿ ಹಣ ಕೇಳಿದರೆ, "ಅಂಕಲ್, ಕ್ರಿಪ್ಟೋದಲ್ಲಿ ಹಾಕ್ತೇನೆ, ಇನ್ನು ಮುಂದೆ ಎಲ್ಲ ಅದೇ" ಅಂದ. ಬಿಟ್‌ಕಾಯಿನ್ ಕೊಡ್ತೀಯಾ ಅಂತ ಕೇಳಿದೆ. "ಅದು ಏರ್ತದೆ ಇಳೀತದೆ ಅಂಕಲ್, ಯುಎಸ್‌ಡಿಟಿ ಕೊಡ್ತೇನೆ, ಅದು ಡಾಲರ್ ಇದ್ದ ಹಾಗೆ." ಡಾಲರ್ ಇದ್ದ ಹಾಗೆ ಇರುವುದನ್ನು ಬಿಟ್ಟು ಡಾಲರನ್ನೇ ಕೊಡು, ದಿರ್ಹಂ ಆದರೂ ಆಗ್ತದೆ, ಗಲ್ಫಿನ ದುಡ್ಡು ಈ ಊರಿಗೆ ಹೊಸತಲ್ಲ ಅಂದೆ. ನಕ್ಕ. ಅಂಗಡಿಯ ಹುಡುಗ ನನ್ನ ಫೋನಿಗೆ ಒಂದು ಆ್ಯಪ್ ಹಾಕಿಕೊಟ್ಟ. ಕೆವೈಸಿ ಅಂತ ಹೇಳಿ ತಲೆ ಎಡಕ್ಕೆ ತಿರುಗಿಸು, ಬಲಕ್ಕೆ ತಿರುಗಿಸು, ಕಣ್ಣು ಮಿಟುಕಿಸು. ನನ್ನ ಮದುವೆಯ ಫೋಟೋಗ್ರಾಫರ್ ಕೂಡ ಅಷ್ಟು ಆಡಿಸಿರಲಿಲ್ಲ. ಅಂತೂ ದುಡ್ಡು ಬಂತು. ಅಂದರೆ ಪರದೆಯ ಮೇಲೆ ಅಂಕಿ ಬಂತು.

ಆ ಅಂಕಿ ಹಿಡಿದು ಮಾರ್ಕೆಟಿಗೆ ಹೋದೆ. ಬಂಗುಡೆ ಕೇಳಿದೆ. ಮೀನಿನ ಅಕ್ಕನಿಗೆ ಫೋನ್ ತೋರಿಸಿದರೆ, "ಇದರಲ್ಲಿ ಸೌಂಡ್ ಬರ್ತದಾ?" ಅಂತ ಒಂದೇ ಪ್ರಶ್ನೆ. ಅವರ ಬುಟ್ಟಿಯ ಪಕ್ಕದ ಯುಪಿಐ ಡಬ್ಬ "ಇಷ್ಟು ರೂಪಾಯಿ ಬಂದಿದೆ" ಎಂದು ಕೂಗಿದರೆ ಮಾತ್ರ ಅದು ದುಡ್ಡು. ನಿಮ್ಮದು ಕೂಗುವುದಿಲ್ಲ. ಯುಪಿಐಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳು 2,000 ಕೋಟಿ ಪಾವತಿ ನಡೆದಿದೆ, ಸೆಕೆಂಡಿಗೆ ಲೆಕ್ಕ ಹಾಕಿದರೆ ಏಳು ಸಾವಿರ ದಾಟುತ್ತದೆ. ನಿಮ್ಮ ಬಿಟ್‌ಕಾಯಿನ್ ಜಾಲ ಸೆಕೆಂಡಿಗೆ ಏಳರಷ್ಟು ಮಾಡುತ್ತದಂತೆ. ಸಾವಿರ ಅಲ್ಲ, ಬರೇ ಏಳು. ಅದೂ ಹತ್ತು ನಿಮಿಷಕ್ಕೊಂದು ಕಂತೆ ಕಟ್ಟಿ, ಗಟ್ಟಿಯಾಯಿತು ಅನ್ನಲು ಆರು ಕಂತೆ ಕಾಯಬೇಕಂತೆ, ಅಂದರೆ ಒಂದು ಗಂಟೆ. ಒಂದು ಗಂಟೆ ಕಾದರೆ ಬಂಗುಡೆಗೂ ಬೇಸರ ಬರ್ತದೆ. ಬೇಗ ಹೋಗುವ ಬೇರೆ ದಾರಿಗಳನ್ನು ನಿಮ್ಮ ಭಕ್ತರು ಮಾಡಿದ್ದಾರೆ ಎಂದು ಗೊತ್ತು. ಆ ದಾರಿ ತೊಕ್ಕೊಟ್ಟು ಮಾರ್ಕೆಟಿಗೆ ಬಂದಿಲ್ಲ.

ಸಿಟಿ ಬಸ್ಸಿನ ಕಥೆ ಬೇಡ. ಇಲ್ಲಿಂದ ಮಂಗಳೂರಿಗೆ ಹೊರಡುವ ಬಸ್ಸಿನ ಕಂಡಕ್ಟರ್ "ಸ್ಟೇಟ್‌ಬ್ಯಾಂಕ್, ಸ್ಟೇಟ್‌ಬ್ಯಾಂಕ್" ಎಂದೇ ಕೂಗುವುದು. ನಮ್ಮ ಬಸ್ ಕೂಡ ಬ್ಯಾಂಕಿಗೇ ಹೋಗಿ ನಿಲ್ಲುವಾಗ, ಬ್ಯಾಂಕೇ ಬೇಡ ಎಂಬ ನಿಮ್ಮ ಉಪದೇಶ ನೇತ್ರಾವತಿ ಸೇತುವೆ ದಾಟುವುದು ಕಷ್ಟ.

ಬೆಲೆ ಏರಿಳಿಯುವುದಕ್ಕೆ ನನ್ನ ತಕರಾರಿಲ್ಲ. ಮೀನಿನ ಬೆಲೆಯೂ ಬೆಳಿಗ್ಗೆ ಒಂದು, ಸಂಜೆ ಒಂದು. ಆದರೆ ಸಂಜೆಗೆ ಇಳಿಯುವುದು ಯಾಕೆಂದು ಮೂಗಿಗೆ ಗೊತ್ತಾಗ್ತದೆ. ನಿಮ್ಮ ಕಾಯಿನ್ 2021ರ ನವೆಂಬರಿನಲ್ಲಿ 69,000 ಡಾಲರ್ ಇದ್ದದ್ದು ಒಂದು ವರ್ಷದಲ್ಲಿ 16,000ದ ಹತ್ತಿರ ಬಂತಲ್ಲ, ಅಲ್ಲಿ ಕೊಳೆತದ್ದು ಎಂತ?

ನಮ್ಮ ಆಡಿಟರ್ ಹೇಳಿದ್ದು ಕೇಳಿ ನಗು ಬಂತು. 2022ರ ಏಪ್ರಿಲ್ 1ರಿಂದ ನಮ್ಮ ಸರಕಾರಕ್ಕೆ ಈ ಕ್ರಿಪ್ಟೋ ದುಡ್ಡಲ್ಲ, ಆಸ್ತಿ. ಇದನ್ನು ಕೊಟ್ಟು ಮೀನು ತಂದರೆ ಆಸ್ತಿ ವರ್ಗಾವಣೆ. ಅಷ್ಟರಲ್ಲಿ ಬೆಲೆ ಏರಿದ್ದರೆ ಆ ಲಾಭದ ಮೇಲೆ 30 ಶೇಕಡಾ ತೆರಿಗೆ. ನಷ್ಟವಾದರೆ? ಅದನ್ನು ಬೇರೆ ಯಾವುದರ ಲೆಕ್ಕದಲ್ಲೂ ಕಳೆಯುವ ಹಾಗಿಲ್ಲ. ಒಂದು ಕಿಲೋ ಬಂಗುಡೆಗೆ ಒಂದು ಲೆಡ್ಜರ್. ಎಲ್ ಸಾಲ್ವಡಾರ್ ಎಂಬ ದೇಶ 2021ರ ಸೆಪ್ಟೆಂಬರಿನಲ್ಲಿ ನಿಮ್ಮದನ್ನು ಅಧಿಕೃತ ಹಣವೆಂದು ಸಾರಿ, ಪ್ರತಿಯೊಬ್ಬರಿಗೂ 30 ಡಾಲರಿನ ಆಸೆ ತೋರಿಸಿಯೂ ಜನ ಬಳಸಲಿಲ್ಲ. 2025ರ ಜನವರಿಯಲ್ಲಿ, ಬೇಕಾದವರು ತೆಗೆದುಕೊಳ್ಳಿ ಎಂದು ಕಾನೂನನ್ನೇ ತಿದ್ದಿತು. ಬೆಂಗಳೂರಿನಲ್ಲಿ ಯೂನೋಕಾಯಿನ್ ಎಂಬ ಕ್ರಿಪ್ಟೋ ಕಂಪನಿಯವರು 2018ರ ಅಕ್ಟೋಬರಿನಲ್ಲಿ ಒಂದು ಮಾಲ್‌ನೊಳಗೆ ಬಿಟ್‌ಕಾಯಿನ್ ಎಟಿಎಂ ಇಟ್ಟಿದ್ದರು. ಪೊಲೀಸರು ಬಂದು ಮೆಷಿನನ್ನೇ ಎತ್ತಿಕೊಂಡು ಹೋದರು. ಎಟಿಎಂನಿಂದ ದುಡ್ಡು ಎತ್ತುವುದು ಕೇಳಿದ್ದೆ, ಎಟಿಎಂ ಎತ್ತುವುದು ಅದೇ ಮೊದಲು.

ಇರಲಿ. ನನ್ನ ಸಂಕಟಕ್ಕೆ ಬರುತ್ತೇನೆ.

ಖರ್ಚಾಗದ ಅಂಕಿಯನ್ನು ರೂಪಾಯಿ ಮಾಡಬೇಕಲ್ಲ. ಆ್ಯಪಿನಲ್ಲಿ ಪಿ-ಟು-ಪಿ ಎಂದು ಒಂದು ಜಾಗ. ನಾನು ಯುಎಸ್‌ಡಿಟಿ ಬಿಡಬೇಕು, ಎಲ್ಲೋ ಇರುವ ಯಾರೋ ನನ್ನ ಬ್ಯಾಂಕ್ ಖಾತೆಗೆ ರೂಪಾಯಿ ಹಾಕುತ್ತಾನೆ. ಹಾಕಿದ. ನನ್ನ ಅಂಗಡಿಯ ಡಬ್ಬ ಕೂಗಿತು, ನಾನು ಬಿಟ್ಟೆ. ಕೆಲವು ದಿನ ಕಳೆದು ಕೂಲಿಯವರಿಗೆ ಹಣ ಕೊಡಲು ಹೋದರೆ ಖಾತೆ ಫ್ರೀಜ್. ಆ ಯಾರೋ ಮತ್ತೊಬ್ಬ ಯಾರನ್ನೋ ಮೋಸ ಮಾಡಿದ ದುಡ್ಡನ್ನು ನನಗೆ ಹಾಕಿದ್ದನಂತೆ. ಮೋಸ ಹೋದವರು ಸೈಬರ್ ಪೊಲೀಸರಿಗೆ ದೂರು ಕೊಟ್ಟರಂತೆ. ನಾನು ಇವತ್ತಿಗೂ ಕಾಲಿಡದ ರಾಜ್ಯದ ಠಾಣೆಯಿಂದ ನನ್ನ ಬ್ಯಾಂಕಿಗೆ ಮೇಲ್.

ನಿಮ್ಮ ಒಂಬತ್ತು ಪುಟದ ಮೊದಲ ಪುಟದಲ್ಲೇ ನನ್ನಂಥವನ ಬಗ್ಗೆ ಮರುಗಿದ್ದೀರಿ. ಕೊಟ್ಟ ಹಣ ವಾಪಸು ಹೋಗುವ ಹಾಗಿದ್ದರೆ ವ್ಯಾಪಾರಿಗೆ ಗಿರಾಕಿಯ ಮೇಲೆ ಸಂಶಯ ತಪ್ಪದು, ವಾಪಸು ಹೋಗದ ಹಾಗೆ ಮಾಡಿದರೆ ವ್ಯಾಪಾರಿಗೆ ರಕ್ಷಣೆ ಅಂತ ವಾದ. ಆ ವ್ಯಾಪಾರಿ ನಾನೇ ಮಾರಾಯ್ರೆ! ನಾನು ಬಿಟ್ಟ ಯುಎಸ್‌ಡಿಟಿ ವಾಪಸು ಬರುವುದಿಲ್ಲ, ನಿಮ್ಮ ತತ್ವದ ಪ್ರಕಾರ. ನನಗೆ ಬಂದ ರೂಪಾಯಿ ನನಗೆ ಸಿಗುವುದಿಲ್ಲ, ಪೊಲೀಸರ ತತ್ವದ ಪ್ರಕಾರ. ರಕ್ಷಣೆ ಸಿಕ್ಕಿದ್ದು ಕಳ್ಳನಿಗೆ ಮಾತ್ರ.

ಆ್ಯಪಿನವರನ್ನು ಕೇಳಿದರೆ ಒಂದು ಯಂತ್ರ "ನಿಮ್ಮ ತೊಂದರೆ ನಮಗೆ ಅರ್ಥವಾಗುತ್ತದೆ" ಎನ್ನುತ್ತದೆ. ಯಂತ್ರಕ್ಕೆ ಎಂತ ಅರ್ಥವಾಗುವುದು? ಬ್ಯಾಂಕಿನ ಸಾಹೇಬರು ಹಿಂದಿಯಲ್ಲಿ "ಪೊಲೀಸರನ್ನು ಕೇಳಿ" ಎನ್ನುತ್ತಾರೆ. ಪೊಲೀಸರ ನಂಬರ್ ಎತ್ತುವುದಿಲ್ಲ. ದುಬೈ ಹುಡುಗ ರಜೆ ಮುಗಿಸಿ ಹೋದ, "ಅಂಕಲ್, ಡಿಸೆಂಟ್ರಲೈಸ್ಡ್ ಅಲ್ವಾ" ಎಂದು ಮೆಸೇಜು ಹಾಕಿದ್ದಾನೆ. ಎಲ್ಲಿಗೆ ಹೋಗುವುದು? ಯಾರ ಗೇಟಿನ ಎದುರು ನಿಲ್ಲುವುದು?

ಸತೋಷಿಯವರೇ, ಬ್ಯಾಂಕೇ ಬೇಡ ಎಂದು ನೀವು ಯಾವ ಊರಿನವರಿಗೆ ಪಾಠ ಹೇಳಿದ್ದು ಗೊತ್ತುಂಟಾ? 1906ರಲ್ಲಿ ಮಂಗಳೂರಿನಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಬ್ಯಾಂಕಿನ ಬೀಜ ಹಾಕಿದರು, ಅದೇ ವರ್ಷ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕಾರ್ಪೊರೇಷನ್ ಬ್ಯಾಂಕ್ ಕಟ್ಟಿದರು. ಆಮೇಲೆ ಕರ್ಣಾಟಕ ಬ್ಯಾಂಕ್, ಸಿಂಡಿಕೇಟ್, ವಿಜಯಾ. ಸಿಂಡಿಕೇಟಿನವರು 1928ರಲ್ಲಿ ದಿನಕ್ಕೆ ಎರಡಾಣೆಯ ಪಿಗ್ಮಿ ಉಳಿತಾಯ ಶುರು ಮಾಡಿದರು, ಮನೆಬಾಗಿಲಿಗೆ ಬಂದು ಒಯ್ಯುತ್ತಿದ್ದರು. ಇವತ್ತಿಗೂ ನನ್ನ ಅಂಗಡಿಗೆ ಸಂಜೆ ಸೊಸೈಟಿಯ ಪಿಗ್ಮಿಯವರು ಬರುತ್ತಾರೆ. ನನ್ನ ಖಾತೆ ಫ್ರೀಜ್ ಆದದ್ದು ಕೇಳಿ ನನಗಿಂತ ಹೆಚ್ಚು ಬೈದದ್ದು ಅವರು.

2025ರ ಜನವರಿ 17ರಂದು ಇಲ್ಲೇ ಕೋಟೆಕಾರು ಸಹಕಾರಿ ಸಂಘದ ಕೆ.ಸಿ.ರೋಡ್ ಶಾಖೆಗೆ ಹಾಡಹಗಲೇ ದರೋಡೆಕೋರರು ನುಗ್ಗಿದರು. ಊರಿಗೆ ಊರೇ ಶಾಖೆಯ ಎದುರು ನಿಂತಿತು. ಪೊಲೀಸರು ತಮಿಳುನಾಡಿನ ತನಕ ಬೆನ್ನು ಹತ್ತಿ ಹದಿನೆಂಟು ಕಿಲೋದಷ್ಟು ಚಿನ್ನ ವಾಪಸು ತಂದರು. ವಜೀರ್‌ಎಕ್ಸ್ ಎಂಬ ಕ್ರಿಪ್ಟೋ ಪೇಟೆಯಿಂದ 2024ರ ಜುಲೈಯಲ್ಲಿ 23 ಕೋಟಿ ಡಾಲರಿನಷ್ಟು ಕಳವಾಯಿತಲ್ಲ, ಅದರ ಗಿರಾಕಿಗಳು ಎಲ್ಲಿಗೆ ಹೋಗಿ ನಿಂತರು? ವ್ಯವಹಾರ ಮತ್ತೆ ತೆರೆಯಲು ವರ್ಷದ ಮೇಲೆ ಬೇಕಾಯಿತು. ಹಾಗೆಂದು ಯುಪಿಐ ಏನೂ ಸಾಚಾ ಅಲ್ಲ, 2025ರ ಜುಲೈಯಲ್ಲಿ ಅದರ ಲೆಕ್ಕ ನೋಡಿ ರಾಜ್ಯದ ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಟಿಸು ಬಂತು. ಬೆಂಗಳೂರಿನ ಅಂಗಡಿಯವರು "ಯುಪಿಐ ಇಲ್ಲ" ಎಂದು ಬೋರ್ಡು ಹಾಕಿ ಗಲಾಟೆ ಎಬ್ಬಿಸಿದರು, ಮುಖ್ಯಮಂತ್ರಿಗಳೇ ಕರೆದು ಮಾತಾಡಿದರು. ಬೈದರೆ ಕೇಳಲಿಕ್ಕೆ ಒಬ್ಬ ಮನುಷ್ಯ ಇದ್ದ. ನಿಮ್ಮಲ್ಲಿ ಯಾರಿದ್ದಾರೆ? ಸೆಕೆಂಡಿಗೆ ಏಳೇಳು ಎಣಿಸುವ ಮೆಷಿನ್.

ಇನ್ನೊಂದು. ನಿಮ್ಮ ಹತ್ತಿರ ಹತ್ತು ಲಕ್ಷದಷ್ಟು ಬಿಟ್‌ಕಾಯಿನ್ ಇರಬಹುದೆಂದು ಬಲ್ಲವರ ಅಂದಾಜು. ಇಷ್ಟು ವರ್ಷದಲ್ಲಿ ಅದು ಹೆಚ್ಚುಕಮ್ಮಿ ಕದಲಲೇ ಇಲ್ಲವಂತೆ. ಮಾಡಿದ ನೀವೇ ಒಂದು ಚಹಾ ಕುಡಿಯಲಿಕ್ಕೂ ಅದನ್ನು ಬಳಸಿದ ಹಾಗಿಲ್ಲ. ಮತ್ತೆ ನನ್ನ ಕುರ್ಚಿ ಬಾಡಿಗೆಗೆ ಯಾಕೆ ಮಾರಾಯ್ರೆ?

ನಾಳೆ ಪುನಃ ಬ್ಯಾಂಕಿಗೆ ಹೋಗಬೇಕು. ಛಾಪಾ ಕಾಗದದಲ್ಲಿ ಅಫಿಡವಿಟ್ ಬೇಕಂತೆ, ನಾನು ಕಳ್ಳನಲ್ಲ, ಶಾಮಿಯಾನದವ ಎಂದು. ನೋಟರಿಯವರಿಗೆ ಫೋನ್ ಮಾಡಿದೆ. ಬನ್ನಿ, ಆದರೆ ಕ್ಯಾಶ್ ತನ್ನಿ ಅಂದರು.

ಇಂತಿ,
ತೊಕ್ಕೊಟ್ಟಿನ ಶಾಮಿಯಾನದವ